ಅಡುಗೆಮನೆಗೆ ಗೂಡು ಕೊರೆದದ್ದು

ತನ್ನ ಮನೆಯ ಅಡುಗೆಮನೆ ಎಷ್ಟು ದೊಡ್ಡದೆಂಬುದು ಅದರೊಳಗೆ ಕಾಲಿಟ್ಟು ಬೈಸಿಕೊಳ್ಳುವ ತನಕ ಗಂಡಸಿಗೆ ಗೊತ್ತಾಗುವುದಿಲ್ಲ. ನಿಜಾಮರ ಕಾಲದಲ್ಲಿ ನಾನು ಮಕ್ತಲ್ ತಹಸೀಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ತಾಲೂಕಿನ ಯಾವ ಹೊಲ ಎಷ್ಟು ಎಕರೆ, ಎಷ್ಟು ಗುಂಟೆ ಎಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಆದರೆ ನನ್ನ ಹೆಂಡತಿ ನೀಲಮ್ಮ ರೊಟ್ಟಿ ತಟ್ಟುವಾಗ ಮೊಣಕೈ ಗೋಡೆಗೆ ತಗಲುತ್ತದೆಂಬುದು ತಿಳಿದದ್ದು ಮದುವೆಯಾಗಿ ಆರು ವರ್ಷದ ಮೇಲೆ, ಆಕೆ ಸುಲಿದ ಮೊಣಕೈಯನ್ನು ನನ್ನ ಮೂಗಿನ ಮುಂದೆ ಹಿಡಿದಾಗ.

“ಇದು ಅಡಿಗಿಮನಿ ಅಲ್ಲರಿ, ಕಪಾಟ. ಒಲಿ ಮುಂದ ಕುಂತ್ರ ಏಳಾಕ ಬರಂಗಿಲ್ಲ, ಎದ್ರ ತಿರುಗಾಕ ಬರಂಗಿಲ್ಲ. ಏನರ ಮಾಡ್ತೀರೋ, ನಾನು ಗದ್ವಾಲಕ್ಕ ತೌರಮನಿಗಿ ಹೋಗ್ಲೋ?”

ನನಗೆ ಅನ್ನ ಬೇಯಿಸಲೂ ಬಾರದು. ಬೆಳಕು ಹೆಚ್ಚಾದರೆ ಜಾಗ ಹೆಚ್ಚಾದಂತೆ ಕಾಣುತ್ತದೆಂದು ಯಾರೋ ಹೇಳಿದ್ದರಿಂದ ಮೊದಲು ಸುಣ್ಣ ಬಳಿಸಿದೆ. ನಾಲ್ಕೇ ದಿನಕ್ಕೆ ಒಲೆಯ ಹೊಗೆ ಅದನ್ನು ಕಪ್ಪು ಮಾಡಿತು. ನೆಲದ ಮೇಲಿನ ಗಡಿಗೆಗಳನ್ನು ನೆಲುವಿಗೆ ಏರಿಸಿದೆ. ಅವು ನನ್ನ ತಲೆಗೇ ಬಡಿದವು. ಹಿಟ್ಟಿನ ಡಬ್ಬಿಯನ್ನು ನಡುಮನೆಗೆ ತಂದಿಟ್ಟೆ. ಅಂದಿನಿಂದ ರೊಟ್ಟಿ ರೊಟ್ಟಿಗೂ “ಹಿಟ್ಟು ತರ್ರಿ” ಎಂಬ ಕೂಗು. ಕೊನೆಗೆ ನನ್ನ ಕಣ್ಣು ಗೋಡೆಯ ಮೇಲೆ ಬಿತ್ತು. ಕಲ್ಲು-ಮಣ್ಣಿನ ಹಳೆಯ ಗೋಡೆ, ಎರಡು ಮೊಳ ದಪ್ಪ. ಅದರಲ್ಲಿ ಆಳವಾದ ಗೂಡೊಂದನ್ನು ಕೊರೆದರೆ ಪಾತ್ರೆಗಳೆಲ್ಲ ಗೋಡೆಯ ಹೊಟ್ಟೆಯೊಳಗೆ!

ಗೋಡೆಯ ಆಚೆ ನಮ್ಮ ಕಚೇರಿಯ ಪೇಷ್ಕಾರರಾದ ವೀರಣ್ಣನವರ ಮನೆ. ಅವರು ನನ್ನ ಮೇಲಿನವರು. ಜ್ವರ ಬಂದಿದೆಯೆಂದು ಅವರಿಗೇ ರುಖಸತ್ತಿನ, ಅಂದರೆ ರಜೆಯ, ಅರ್ಜಿ ಕಳಿಸಿ ಮನೆಯಲ್ಲಿ ಉಳಿದೆ, ಹಾರೆ ಹಿಡಿದೆ. ಮಧ್ಯಾಹ್ನಕ್ಕೆ ಒಂದೂವರೆ ಮೊಳ ಆಳವಾಯಿತು. ನೀಲಮ್ಮ “ಸಾಕ್ರಿ” ಎಂದಳು. ಸಾಕೆಂದಾಗ ನಿಲ್ಲಿಸಿದ್ದರೆ ನಾನೂ ಜಾಣರ ಲೆಕ್ಕಕ್ಕೆ ಸೇರುತ್ತಿದ್ದೆ. ನೀರಿನ ಕೊಡವೂ ಹಿಡಿಯಲಿ ಎಂದು ಇನ್ನೆರಡು ಏಟು ಬಲವಾಗಿ ಹಾಕಿದೆ. ಕಲ್ಲೊಂದು ಧಡ್ಡೆಂದು ಆಚೆ ಬಿತ್ತು. ಧೂಳು ಇಳಿದ ಮೇಲೆ ನೋಡಿದರೆ ಪೇಷ್ಕಾರರು ಊಟಕ್ಕೆ ಕುಳಿತಿದ್ದಾರೆ. ತಾಟಿನ ತುಂಬ ಗೋಡೆಯ ಮಣ್ಣು.

“ಜ್ವರ ಹೆಂಗದಾವ್ರಿ ಗುಮಾಸ್ತರ?” ಎಂದು ಕೇಳಿದರು.

“ಬೆವರಿ ಬಿಟ್ಟಾವ್ರಿ ಸಾಹೇಬ್ರ,” ಎಂದೆ. ಮೈಯೆಲ್ಲ ಬೆವರಿದ್ದಂತೂ ನಿಜ.

ಆ ವಾರವೆಲ್ಲ ಹಳೆಯ ದಫ್ತರಗಳ ಧೂಳು ಹೊಡೆಯುವ ಕೆಲಸ ನನ್ನ ಪಾಲಿಗೆ ಬಂತು. ಶುಕ್ರವಾರ ಕಚೇರಿಗೆ ರಜೆ. ಪೇಷ್ಕಾರರ ಅಪ್ಪಣೆಯಂತೆ ಮಣ್ಣು ಕಲಸಿಕೊಂಡು ತೂತು ಮುಚ್ಚಲು ಹೋದರೆ, ಅದರೊಳಗಿಂದ ಶೇಂಗಾ ಚಟ್ನಿಯ ಬಟ್ಟಲು ಹಿಡಿದ ಕೈಯೊಂದು ಬಂತು. ಪೇಷ್ಕಾರರ ಹೆಂಡತಿ ಗೌರಮ್ಮನವರದು.

“ಮುಚ್ಚಬ್ಯಾಡ್ರಿ ಅಣ್ಣಾರ. ನಮ್ಮದೂ ಇಷ್ಟ ಇಕ್ಕಟ್ಟು ಐತಿ. ನೀಲಮ್ಮನ ಮಾರಿ ಕಂಡ್ರ ಎದಿಗೆ ಗಾಳಿ ಬಂದಂಗ ಆಗ್ತೈತಿ.”

ಹಿಂದಿನಿಂದ ಪೇಷ್ಕಾರರು ಗದರಿದರು. ಇಡೀ ಕಚೇರಿಯನ್ನು ನಡುಗಿಸುವ ಆ ಗದರಿಕೆಗೆ ಗೌರಮ್ಮನವರು ತಿರುಗಿಯೂ ನೋಡಲಿಲ್ಲ. ನೀಲಮ್ಮ ನನ್ನ ಕೈಯಿಂದ ಮಣ್ಣಿನ ಬುಟ್ಟಿ ಕಿತ್ತುಕೊಂಡು, “ಈಗ ನೋಡ್ರಿ, ಅಡಿಗಿಮನಿ ಎಷ್ಟು ದೊಡ್ಡದಾತು!” ಎಂದಳು. ಗೇಣು ಹಾಕಿ ಅಳೆದೆ. ಒಂದು ಬೆರಳೂ ಹೆಚ್ಚಾಗಿರಲಿಲ್ಲ.

“ಮೊಣಕೈ ತಗಲಂಗಿಲ್ಲೇನು?”

“ತಗಲ್ತೈತ್ರಿ. ಮಾತಿನಾಗ ಗೊತ್ತಾಗವಲ್ದು.”

ಹೀಗೆ ಆಕೆಗೆ ಮನೆ ವಿಶಾಲವಾಯಿತು, ಇಕ್ಕಟ್ಟಾದದ್ದು ನನಗೆ. ಒಂದು ದಿನ ಬೇಳೆಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ತೂತಿನಾಚೆ ಗೌರಮ್ಮನವರ ಬಳೆಗಳ ಸದ್ದು ನಿಂತಿತು.

“ಸಾರು ಹೆಂಗ ಆಗೇತ್ರಿ?” ಎಂದಳು ನೀಲಮ್ಮ.

“ಭಾಳ ಚಲೋ ಆಗೇತಿ.”

ತೂತಿನಿಂದ ಖಾಲಿ ಬಟ್ಟಲೊಂದು ಈಚೆ ಬಂತು. “ಹಂಗಾರ ನಮ್ಮವ್ರಿಗೂ ಒಂದೀಟು ಕೊಡ ನೀಲಮ್ಮ.”

ಆಚೆಯಿಂದ ಪೇಷ್ಕಾರರು ಸೊರ್ ಎಂದು ಸಾರು ಕುಡಿದ ಸದ್ದು ಕೇಳಿಸಿತು. ಮರುದಿನ ಪೇಷ್ಕಾರರು ಕಚೇರಿಯಲ್ಲಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಗುಮಾಸ್ತರ, ಖರೇ ಹೇಳ್ರಿ. ನಿನ್ನಿ ಸಾರಿಗೆ ಉಪ್ಪು ಇತ್ತೇನು?”

ಸುತ್ತ ನೋಡಿದೆ. ಕಚೇರಿಯ ಗೋಡೆಗಳಲ್ಲಿ ಎಲ್ಲೂ ತೂತಿರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು, “ಇತ್ರಿ ಸಾಹೇಬ್ರ.”