ಮಲಗಿದ್ದ ಎಂಜಿನ್ನನ್ನು ಎಬ್ಬಿಸಿದ್ದು

ಗಾಜಿನಂಗಡಿಯ ಯಜಮಾನರಿಗೆ ಆ ಹುಚ್ಚು ಹಿಡಿದದ್ದು ಭಾವಮೈದುನನ ಪಿಕಪ್ಪಿನಲ್ಲಿ ಕೂತ ದಿನ. ಅದಕ್ಕೆ ಮೊದಲು ಅವರು ನಮ್ಮ ನಿಮ್ಮ ಹಾಗೆಯೇ ಇದ್ದರು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರು, ಮಲಗಿದ ಕೂಡಲೇ ಗೊರಕೆ ಹೊಡೆಯುತ್ತಿದ್ದರು, ಹೆಂಡತಿ ಹೇಳಿದ್ದಕ್ಕೆಲ್ಲ ಪೂರ್ತಿ ಕೇಳಿಸಿಕೊಳ್ಳದೆಯೇ ಹೂಂ ಅನ್ನುತ್ತಿದ್ದರು. ಆ ದಿನ ಹೆಂಡತಿಯ ಖಾಸಾ ತಮ್ಮ, ಗಾಡಿಗಳಿಗೆ ಇಲ್ಲದ ಅಂಗಾಂಗಗಳನ್ನೆಲ್ಲ ಜೋಡಿಸಿಕೊಡುವ ಶೆಡ್ಡಿನ ಒಡೆಯ, "ಭಾವ, ಬೆಲ್ಟ್ ಹಾಕ್ಕೊಳ್ಳಿ" ಅಂದವನೇ ಆಕ್ಸಿಲರೇಟರಿನ ಮೇಲೆ ಕಾಲು ಒತ್ತಿದ. ಯಜಮಾನರ ಬೆನ್ನು ಸೀಟಿಗೆ ಅಂಟಿಕೊಂಡಿತು. ಹೊಟ್ಟೆ ಹಿಂದಿನ ಸರ್ಕಲ್ಲಿನಲ್ಲೇ ಉಳಿದುಹೋದಂತಾಯಿತು. ಬಾಯಿಂದ "ಹೋ!" ಎಂಬ ಒಂದು ಉದ್ಗಾರ ತಾನಾಗಿಯೇ ಹೊರಬಿತ್ತು. (ಮದುವೆಯಾದ ಮೇಲೆ ಅವರ ಬಾಯಿಂದ ತಾನಾಗಿ ಹೊರಬಿದ್ದ ಮೊದಲ ಮಾತು ಇದೇ ಎಂದು ಅವರ ಹೆಂಡತಿಯೇ ಆಮೇಲೆ ಹೇಳಿದ್ದು.)

"ನಿಮ್ಮ ಗಾಡೀನೂ ಇದೇ ಭಾವ. ಅದೇ ಕಂಪನಿ, ಅದೇ ಮಾಡಲ್ಲು. ನಾನು ಒಂದು ಡಬ್ಬಿ ಹಾಕಿದೀನಿ, ಅಷ್ಟೇ ವ್ಯತ್ಯಾಸ."

ಯಜಮಾನರು ಮನೆಗೆ ಬಂದು ಬಾಗಿಲಲ್ಲೇ ನಿಂತು ಘೋಷಿಸಿಬಿಟ್ಟರು: "ನಮ್ಮ ಗಾಡಿಗೂ ಹಾಕಿಸೋದೇ!"

ಈಗ ಒಂದು ಮಾತು ಹೇಳಿಬಿಡಬೇಕು. ಗಾಜು ಸಾಗಿಸುವ ಗಾಡಿಗೆ ಶಕ್ತಿ ಹೆಚ್ಚಿಸುವುದೆಂದರೆ ತೊಟ್ಟಿಲಿಗೆ ಮೋಟರು ಕಟ್ಟಿದ ಹಾಗೆ. ಗಾಡಿಯ ಪಕ್ಕಕ್ಕೆ ಓರೆಯಾಗಿ ಕಟ್ಟಿದ ಮರದ ಚೌಕಟ್ಟಿನಲ್ಲಿ ಆಳೆತ್ತರದ ಗಾಜುಗಳನ್ನು ನಿಲ್ಲಿಸಿಕೊಂಡು, ಹಂಪು ಬಂದರೆ ಉಸಿರು ಬಿಗಿಹಿಡಿದು, ಗುಂಡಿ ಬಂದರೆ ಕಣ್ಣು ಮುಚ್ಚಿ (ಕಣ್ಣು ಮುಚ್ಚಬಾರದು, ಆದರೂ) ಹೋಗುವ ಕಸುಬು ಅದು. ಇದನ್ನು ಯಜಮಾನರಿಗೆ ಹೇಳುವವರು ಯಾರು? ಹೆಂಡತಿ ಇದ್ದಳಲ್ಲ, ಅವಳೇ ಹೇಳಿದಳು.

"ಯಾಕ್ರೀ ಬೇಕು ನಿಮಗೆ ಅದು? ನೀವು ಸಾಗಿಸೋದು ಗಾಜು. ಬೆಂಕಿ ಆರಿಸೋಕೆ ಹೋಗ್ತಿದೀರಾ?"

"ಎಂಜಿನಿಯರಮ್ಮನ ಆರ್ಡರ್ ಬೇಕೋ ಬೇಡ್ವೋ ನಿನಗೆ?"

ಅಲ್ಲಿಗೆ ಹೆಂಡತಿ ಸ್ವಲ್ಪ ತಣ್ಣಗಾದಳು. ಆ ಆರ್ಡರ್ ಅವಳಿಗೂ ಬೇಕಿತ್ತು. ಊರಾಚೆಯ ಗುಡ್ಡದ ಮೇಲೆ ದೊಡ್ಡ ಆಸ್ಪತ್ರೆಯೊಂದು ಏಳುತ್ತಿತ್ತು. ಅದರ ಕಿಟಕಿ, ಬಾಗಿಲು, ಮುಂಭಾಗ ಎಲ್ಲ ಗಾಜೇ. ಕಟ್ಟಡ ನೋಡಿಕೊಳ್ಳುತ್ತಿದ್ದ ಎಂಜಿನಿಯರಮ್ಮ ಇವರನ್ನೂ ಎದುರಂಗಡಿಯವನನ್ನೂ ಕರೆಸಿ, "ಸೋಮವಾರ ಬೆಳಗ್ಗೆ ಇಬ್ಬರೂ ಒಂದೊಂದು ದೊಡ್ಡ ಗಾಜು ತಂದು ನಿಲ್ಲಿಸಿ. ನೋಡಿ ತೀರ್ಮಾನ ಮಾಡ್ತೀನಿ. ಕೆಲಸ ಆಗಲೇ ತಡ ಆಗಿದೆ" ಅಂದಿದ್ದರು. ಎದುರಂಗಡಿಯವ ಆರು ತಿಂಗಳಿಂದ ಇವರ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಸೆಳೆದುಕೊಳ್ಳುತ್ತಿದ್ದ. ಈ ಆರ್ಡರೂ ಅವನಿಗೇ ಹೋದರೆ ಅಂಗಡಿಯಲ್ಲಿ ಕೂತು ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡಿಕೊಳ್ಳಬೇಕಾಗಿತ್ತು.

"ಕೆಲಸ ತಡ ಆಗಿದೆ ಅಂದ್ರಲ್ಲ, ಅದರ ಅರ್ಥ ಏನು?" ಯಜಮಾನರು ಬೆರಳೆತ್ತಿ ಕೇಳಿದರು. "ಯಾರು ಮೊದಲು ಗುಡ್ಡ ಹತ್ತುತ್ತಾರೋ ಅವರಿಗೇ ಆರ್ಡರ್ ಅಂತ!"

"ಹಾಗಂತ ಆಯಮ್ಮ ಹೇಳಲಿಲ್ಲ."

"ಬಾಯಿಬಿಟ್ಟು ಹೇಳೋದಲ್ಲ ಕಣೆ, ನಾವು ಅರ್ಥ ಮಾಡ್ಕೋಬೇಕು."

ಭಾನುವಾರ ಬೆಳಗ್ಗೆ ಶೆಡ್ಡಿನಲ್ಲಿ ಮಹಾಸಭೆ ನಡೆಯಿತು. ಯಜಮಾನರ ಪಿಕಪ್ಪು ಬಾಯಿ ತೆರೆದುಕೊಂಡು ನಿಂತಿತ್ತು. ಅದರ ಸುತ್ತ ಭಾವಮೈದುನ ಶಸ್ತ್ರಚಿಕಿತ್ಸಕನ ಗಾಂಭೀರ್ಯದಿಂದ ಓಡಾಡುತ್ತಿದ್ದ. ಬೆಂಚಿನ ಮೇಲೆ ಮೂರು ದಿವ್ಯ ವಸ್ತುಗಳಿದ್ದವು: ಎಂಜಿನ್ನಿನ ಕಂಪ್ಯೂಟರಿಗೆ ಕಿವಿಯೂದುವ ಒಂದು ಪುಟ್ಟ ಡಬ್ಬಿ, ಗಾಳಿ ಒಳಗೆಳೆಯುವ ಒಂದು ಅಗಲ ಬಾಯಿಯ ಫಿಲ್ಟರು, ಮತ್ತೆ ಒಂದು ಸೈಲೆನ್ಸರು. ಸೈಲೆನ್ಸರು ಎಷ್ಟು ದಪ್ಪವಿತ್ತೆಂದರೆ ಶೆಡ್ಡಿನ ಬೆಕ್ಕು ಅದರೊಳಗೆ ಮಲಗಿ ನಿದ್ದೆ ಮಾಡುತ್ತಿತ್ತು.

ಹೆಂಡತಿಯೂ ಬಂದಿದ್ದಳು. ಬರಬೇಡ ಅಂದರೆ ಮೊದಲು ಬರುವವಳು.

"ಅಲ್ಲ ಕಣೋ, ಕಂಪನಿಯವರು ತಲೆ ಇಲ್ದೇನೇ ಈ ಎಂಜಿನ್ ಮಾಡಿದಾರಾ? ಇಷ್ಟು ಶಕ್ತಿ ಸಾಕು ಅಂತ ಲೆಕ್ಕ ಹಾಕಿ ತಾನೇ ಬಿಟ್ಟಿರೋದು?"

"ಅಕ್ಕಾ, ಕಂಪನಿಯವರು ಹೆದರುಪುಕ್ಕರು. ಎಂಜಿನ್ನನ್ನ ಅರ್ಧ ನಿದ್ದೇಲೇ ಇಟ್ಟು ಮಾರ್ತಾರೆ. ಈ ಡಬ್ಬಿ ಅದನ್ನ ಎಬ್ಬಿಸುತ್ತೆ."

"ನಿಮ್ಮ ಭಾವನ್ನ ಎಬ್ಬಿಸೋಕೂ ಅಂಥದ್ದೊಂದು ಡಬ್ಬಿ ಇದ್ರೆ ಕೊಡು. ದಿನಾ ಬೆಳಗ್ಗೆ ಕೂಗಿ ಕೂಗಿ ನನ್ನ ಗಂಟಲು ಹೋಗಿದೆ."

"ಸುಮ್ನಿರೇ" ಅಂದರು ಯಜಮಾನರು.

"ಗ್ಯಾರಂಟಿ ಹೋಗಲ್ವಾ ಇದರಿಂದ?"

"ಗ್ಯಾರಂಟಿ ಬೇಕಾಗಿರೋದು ಕೆಟ್ಟುಹೋಗೋ ಗಾಡಿಗಕ್ಕಾ!" ಭಾವಮೈದುನ ಎಷ್ಟು ಆತ್ಮವಿಶ್ವಾಸದಿಂದ ನಕ್ಕನೆಂದರೆ ಹೆಂಡತಿಗೆ ಇದ್ದಬದ್ದ ಧೈರ್ಯವೂ ಹೊರಟುಹೋಯಿತು. ಅವಳು ಅವನನ್ನು ಚಿಕ್ಕಂದಿನಿಂದ ಬಲ್ಲಳು. ಮನೆಯ ಗೋಡೆ ಗಡಿಯಾರವನ್ನು ರಿಪೇರಿ ಮಾಡಿದಾಗಲೂ ಹೀಗೆಯೇ ನಕ್ಕಿದ್ದ.

ಮಧ್ಯಾಹ್ನದ ಹೊತ್ತಿಗೆ ಜೋಡಣೆ ಮುಗಿಯಿತು. ಯಜಮಾನರು ಕೀಲಿ ತಿರುಗಿಸಿದರು. ಅಬ್ಬಾ, ಆ ಸದ್ದು! ಶೆಡ್ಡಿನ ತಗಡು ಗಡಗಡ ಅಂದಿತು, ಬೆಕ್ಕು ಎಲ್ಲಿ ಹೋಯಿತೋ ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ, ಪಕ್ಕದ ಟೈರಂಗಡಿಯವನು ಟೈರು ಬಿಟ್ಟು ಓಡಿಬಂದ. ಯಜಮಾನರು ಖಾಲಿ ಗಾಡಿಯನ್ನು ರಸ್ತೆಗಿಳಿಸಿ ಕಾಲು ಒತ್ತಿದರು. ಒತ್ತಿದ್ದಷ್ಟೇ ಗೊತ್ತು! ಬೆನ್ನು ಸೀಟಿಗೆ ಅಂಟಿತು. ಅಂಗಡಿಗಳು, ಕಂಬಗಳು, ಪರಿಚಯದವರ ಮುಖಗಳು ಎಲ್ಲ ಒಂದೇ ಗೆರೆಯಾಗಿ ಹಿಂದೆ ಹೋದವು. ಯಜಮಾನರು "ಹೋ ಹೋ ಹೋ" ಎಂದು ಕೂಗುತ್ತ ಊರಿಗೆ ಒಂದು ಸುತ್ತು ಹಾಕಿ ಬಂದು ಕೆಳಗಿಳಿದಾಗ ಕಣ್ಣಲ್ಲಿ ನೀರಿತ್ತು, ವಯಸ್ಸು ಇಪ್ಪತ್ತು ವರ್ಷ ಇಳಿದಿತ್ತು.

"ನೋಡಿದ್ಯಾ? ನೋಡಿದ್ಯಾ?"

"ಕೇಳಿದೆ. ನೋಡೋಣ ಅಂದ್ರೆ ಹೊಗೆ."

"ನಾಳೆ ಆ ಎದುರಂಗಡಿಯವನು ನನ್ನ ಹೊಗೇನೇ ನೋಡ್ಬೇಕು!" ಎಂದು ಯಜಮಾನರು ಎದೆ ತಟ್ಟಿಕೊಂಡರು.

ಸೋಮವಾರ ಬಂತು. ಗಾಜು ಚೌಕಟ್ಟಿಗೆ ಏರಿತು. ಕಂಬಳಿ ಹೊದಿಸಿ, ಹಗ್ಗ ಬಿಗಿದು, ಮೂಲೆಗಳಿಗೆ ರಬ್ಬರು ಕೊಟ್ಟು ಎಲ್ಲವನ್ನೂ ಸಿದ್ಧಮಾಡಿದವಳು ಹೆಂಡತಿ. ಅಂಗಡಿಯಲ್ಲಿ ಅಳತೆ, ಕತ್ತರಿಸುವುದು, ಕಟ್ಟುವುದು ಎಲ್ಲ ಅವಳ ಖಾತೆ. ಗಾಡಿ ಓಡಿಸುವುದು ಮತ್ತು ಅಭಿಪ್ರಾಯ ಕೊಡುವುದು ಯಜಮಾನರದು. ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳೂ ಪಕ್ಕದಲ್ಲಿ ಹತ್ತಿ ಕೂತಳು.

"ನಿಧಾನ ರೀ, ಗಾಜಿದೆ."

"ನೀನು ಬೆಲ್ಟ್ ಹಾಕ್ಕೋ" ಅಂದರು ಯಜಮಾನರು, ಭಾವಮೈದುನನದೇ ಧಾಟಿಯಲ್ಲಿ.

ಊರು ದಾಟುವವರೆಗೆ ಗಾಡಿ ಗುಡುಗುತ್ತ ಚೆನ್ನಾಗಿಯೇ ಹೋಯಿತು. ಗುಡ್ಡದ ಏರು ಶುರುವಾಯಿತು. ಪಕ್ಕದ ಕನ್ನಡಿಯಲ್ಲಿ, ಹಿಂದುಗಡೆ, ಎದುರಂಗಡಿಯವನ ಗಾಡಿ ಕಾಣಿಸಿತು. ಯಜಮಾನರ ರಕ್ತ ಕುದಿಯಿತು. "ಬಾ ಮಗನೇ ಬಾ!" ಎಂದು ಕಾಲನ್ನು ನೆಲದವರೆಗೆ ಒತ್ತಿದರು. ಗಾಡಿ ಒಂದು ಸಲ ಮುಂದಕ್ಕೆ ಜಿಗಿಯಿತು. ಆಮೇಲೆ ಮುಂದಿನ ಫಲಕದಲ್ಲಿ ಒಂದು ಹಳದಿ ದೀಪ ಹತ್ತಿತು. ಎಂಜಿನ್ನು ನಿಟ್ಟುಸಿರಿಟ್ಟಿತು. ಗಾಡಿ ಒಮ್ಮೆಗೇ ತೆವಳತೊಡಗಿತು.

ಯಜಮಾನರು ಒತ್ತಿದರು. ಸೈಲೆನ್ಸರು ಗುಡ್ಡವೇ ಬಿರಿಯುವ ಹಾಗೆ ಗರ್ಜಿಸಿತು, ಗಾಡಿ ಮಾತ್ರ ತೆವಳುತ್ತಲೇ ಇತ್ತು. ಇನ್ನೂ ಒತ್ತಿದರು. ಗರ್ಜನೆ ಹೆಚ್ಚಿತು, ನಡಿಗೆ ಹೆಚ್ಚಲಿಲ್ಲ. ಎದುರಂಗಡಿಯವನು ಹಾರ್ನ್ ಹೊಡೆದು, ಕೈಬೀಸಿ, ಹಲ್ಲು ಕಿರಿದು, ಸರ್ರನೆ ಮುಂದೆ ಹೋಗಿಬಿಟ್ಟ.

"ಏನ್ರೀ ಆಯ್ತು?"

"ನನಗೇನು ಗೊತ್ತು! ನಿನ್ನ ತಮ್ಮನ್ನ ಕೇಳು!"

"ಈಗ ನನ್ನ ತಮ್ಮ. ನಿನ್ನೆ ಪೂರ್ತಿ ನಿಮ್ಮ ಭಾವಮೈದುನ ಆಗಿದ್ದ" ಎನ್ನುತ್ತಲೇ ಅವಳು ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

"ಹಳದಿ ದೀಪಾನಾ?" ಆ ಕಡೆಯಿಂದ ದನಿ ಬಂತು. "ಓ ಅದಾ! ಏನಿಲ್ಲ ಭಾವ, ಗಾಡಿ ಹೆದರ್ಕೊಂಡಿದೆ. ಈಗಿನ ಗಾಡಿಗಳು ಹಾಗೇನೇ. ಡಬ್ಬಿ ಜಾಸ್ತಿ ಶಕ್ತಿ ಕೇಳ್ತು, ಮೇಲೆ ಭಾರ, ಮುಂದೆ ಏರು. ಎಂಜಿನ್ ಸುಟ್ಟುಹೋಗುತ್ತೇನೋ ಅಂತ ಒಳಗಿರೋ ಕಂಪ್ಯೂಟರಿಗೆ ಅನುಮಾನ ಬಂತು. ತನ್ನ ಕಾಲಿಗೆ ತಾನೇ ಹಗ್ಗ ಕಟ್ಕೊಂಡಿದೆ ಅಷ್ಟೇ."

"ಬಿಚ್ಚೋದು ಹೇಗೋ?"

"ಸುಲಭ ಭಾವ. ಶೆಡ್ಡಿಗೆ ತಗೊಂಡ್ಬನ್ನಿ."

"ಶೆಡ್ಡಿಗೆ ತರೋ ಹಾಗಿದ್ರೆ ಗುಡ್ಡಾನೇ ಹತ್ತುತಿದ್ದೆನಲ್ಲೋ, ನಿನ್ನ ಮನೆ ಹಾಳಾಗ!" ಎಂದು ಯಜಮಾನರು ಕೂಗಿದರು. ಬೈದದ್ದು ಹೆಂಡತಿಯ ತವರನ್ನು ಎಂದು ಹೊಳೆದ ಮೇಲೆ ದನಿ ತಗ್ಗಿಸಿದರು.

ಆಮೇಲಿನ ಪ್ರಯಾಣವನ್ನು ಹೇಗೆ ವರ್ಣಿಸಲಿ? ರಸ್ತೆ ಬದಿಯ ಮನೆಗಳಿಂದ ಜನ ಸದ್ದು ಕೇಳಿ ಹೊರಗೆ ಓಡಿಬಂದರು, ಏನೋ ಮಹಾ ವಾಹನ ಬರುತ್ತಿದೆ ಎಂದು ಮಕ್ಕಳನ್ನು ಎಳೆದುಕೊಂಡು ನಿಂತರು, ನಿಂತೇ ನಿಂತರು, ಕಾಲು ನೋಯಿಸಿಕೊಂಡು ಒಳಗೆ ಹೋದರು. ಆಮೇಲೆ ಇವರ ಗಾಡಿ ಆ ಮನೆಯ ಮುಂದೆ ಬಂತು. ಯಜಮಾನರ ಕಣ್ಣು ತುಂಬಿತು.

"ಹೋಯ್ತು ಕಣೆ. ಆರ್ಡರ್ ಹೋಯ್ತು, ಅಂಗಡೀನೂ ಹೋಯ್ತು. ನನ್ನ ಬುದ್ಧಿಗೆ ಬೆಂಕಿ ಬೀಳ. ನೀನು ಹೇಳಿದಾಗಲೇ ಕೇಳಬೇಕಿತ್ತು."

ಈ ಕೊನೆಯ ಮಾತಿಗಾಗಿ ಹೆಂಡತಿ ಎಷ್ಟು ವರ್ಷ ಕಾದಿದ್ದಳೋ. ಆದರೆ ಗಂಡನ ಮುಖ ನೋಡಿದ ಮೇಲೆ ಅವಳಿಗೆ ಅದನ್ನು ಎತ್ತಿ ಆಡುವ ಮನಸ್ಸಾಗಲಿಲ್ಲ. "ಹೋಗ್ಲಿ ಬಿಡಿ, ಬಂದಿದ್ದಾಗಿದೆ, ಗಾಜನ್ನಾದ್ರೂ ತೋರಿಸಿ ಬರೋಣ" ಎಂದು ಅವರ ಮೊಣಕೈ ತಟ್ಟಿದಳು.

ಗುಡ್ಡದ ಮೇಲೆ ಎಂಜಿನಿಯರಮ್ಮ ತಲೆಗೆ ಟೋಪಿ ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರ ಪಕ್ಕದಲ್ಲಿ ಎದುರಂಗಡಿಯವ ತಲೆ ತಗ್ಗಿಸಿ ನಿಂತಿದ್ದ. ಅವನ ಗಾಜು ಮೊದಲು ಬಂದಿತ್ತು ನಿಜ, ಆದರೆ ಒಂದಾಗಿ ಹೊರಟು ಎರಡಾಗಿ ಬಂದಿತ್ತು. ತಿರುವಿನ ಗುಂಡಿಯಲ್ಲಿ ಅವನ ಅವಸರ ಅದರ ಮೂಲೆಯಿಂದ ಮೂಲೆಗೆ ಗೆರೆ ಎಳೆದಿತ್ತು.

ಇವರ ಗಾಡಿ ಗರ್ಜಿಸುತ್ತ, ತೆವಳುತ್ತ, ಗೇಟು ದಾಟಿ ಬಂದು ನಿಂತಿತು. ಎಂಜಿನಿಯರಮ್ಮ ಕಂಬಳಿ ಸರಿಸಿದರು. ಗಾಜಿನ ಮೇಲೆ ಒಂದು ಗೀರೂ ಇಲ್ಲ. ಬೆರಳಿನಿಂದ ನಾಲ್ಕೂ ಅಂಚು ಸವರಿ ನೋಡಿದರು. ಆಮೇಲೆ ಯಜಮಾನರ ಮುಖವನ್ನೇ ದಿಟ್ಟಿಸಿದರು. ಯಜಮಾನರು ಬೈಗುಳಕ್ಕೆ ತಲೆ ಬಗ್ಗಿಸಿದರು.

"ಮೇಲಿಂದ ನೋಡ್ತಾನೇ ಇದ್ದೆ ರೀ. ಆ ಎಂಜಿನ್ ಸದ್ದು ಕೇಳಿದ್ರೇನೇ ಗೊತ್ತಾಗುತ್ತೆ, ಎಂಥಾ ಶಕ್ತಿ ಇದೆ ಗಾಡಿಗೆ ಅಂತ. ಅಷ್ಟು ಶಕ್ತಿ ಇಟ್ಕೊಂಡು, ಇನ್ನೊಬ್ಬ ಮುಂದೆ ಹೋಗ್ತಿದ್ರೂ, ಇಷ್ಟು ತಾಳ್ಮೆಯಿಂದ ಓಡಿಸೋ ಮನುಷ್ಯನ್ನ ನಾನು ನೋಡೇ ಇಲ್ಲ!"

ಯಜಮಾನರು ಬಾಯಿ ತೆರೆದರು. ಅವರು ಸ್ವಭಾವತಃ ಪ್ರಾಮಾಣಿಕರು. "ಅಲ್ಲ ಮೇಡಂ, ಅದು..." ಎನ್ನುವಷ್ಟರಲ್ಲಿ ಹೆಂಡತಿ ಅವರ ಕಾಲನ್ನು ತನ್ನ ಚಪ್ಪಲಿಯಿಂದ ಚೆನ್ನಾಗಿ ತುಳಿದಳು.

"ಅದು ಅವರ ಅಭ್ಯಾಸ ಮೇಡಂ" ಎಂದಳು. "ಮನೇಲೂ ಹೀಗೇನೇ. ಯಾವುದಕ್ಕೂ ಅವಸರ ಇಲ್ಲ."

"ಇಡೀ ಕಟ್ಟಡದ ಗಾಜು ನೀವೇ ತನ್ನಿ" ಅಂದರು ಎಂಜಿನಿಯರಮ್ಮ. ಯಜಮಾನರಿಗೆ ಅಲ್ಲೇ ಕುಣಿಯುವ ಹಾಗಾಯಿತು. "ತಡವಾದ್ರೂ ಚಿಂತೆ ಇಲ್ಲ, ಒಡೆದದ್ದು ಮತ್ತೆ ತರಿಸೋದೇ ದೊಡ್ಡ ತಡ. ಆದ್ರೆ ಒಂದು ಷರತ್ತು. ಬೇರೆ ಡ್ರೈವರ್ ಬೇಡ, ಬೇರೆ ಗಾಡಿ ಬೇಡ. ನೀವೇ, ಇದೇ ಗಾಡೀಲಿ, ಇದೇ ಥರ ಬರಬೇಕು. ನಾನು ಮೇಲೆ ನಿಂತು ನೋಡ್ತಿರ್ತೀನಿ."

ಇಳಿಜಾರಿನಲ್ಲಿ ವಾಪಸು ಬರುವಾಗ ಗಂಡಹೆಂಡಿರಿಬ್ಬರೂ ನಕ್ಕಿದ್ದೇ ನಕ್ಕಿದ್ದು. ಯಜಮಾನರು ಸ್ಟೀರಿಂಗನ್ನು ಮುದ್ದಿಸಿದರು, ಹೆಂಡತಿಯ ಕೆನ್ನೆ ಹಿಂಡಿದರು, ಹಾಡಿನಂಥದ್ದೇನನ್ನೋ ಗುನುಗಿದರು. ಅಷ್ಟರಲ್ಲಿ ಫೋನು ಬಂತು.

"ಭಾವ, ಗೊತ್ತಾಯ್ತು! ಒಂದು ವೈರು ಬದಲಾಯಿಸಿ ಸೆಟ್ಟಿಂಗ್ ಸ್ವಲ್ಪ ಇಳಿಸಿದ್ರೆ ಸಾಕು. ಸೀದಾ ಶೆಡ್ಡಿಗೆ ಬನ್ನಿ, ಮತ್ತೆ ಹಾರೋ ಹಾಗೆ ಮಾಡಿಕೊಡ್ತೀನಿ!"

"ಬಂದೇ ಕಣೋ, ಬಂದೇ!" ಅಂದರು ಯಜಮಾನರು. ಅವರ ಬೆನ್ನಿಗೆ ಆಗಲೇ ಸೀಟಿನ ನೆನಪಾಗಿತ್ತು. ಹೆಂಡತಿ ಫೋನನ್ನು ಕಸಿದುಕೊಂಡಳು.

"ಈ ಗಾಡಿಗೆ ಕೈ ಹಚ್ಚಿದ್ರೆ ನೀನು ನನ್ನ ತಮ್ಮಾನೇ ಅಲ್ಲ, ತಿಳೀತಾ? ಒಂದು ವೈರೂ ಮುಟ್ಟಬೇಡ. ಇಂಥ ಅದ್ಭುತ ಸಾಮಾನು ಲೋಕದಲ್ಲೇ ಇಲ್ಲ."

"ಅಕ್ಕಾ!" ಆ ಕಡೆಯ ದನಿ ಗದ್ಗದವಾಯಿತು. "ನಿನ್ನ ಬಾಯಲ್ಲಿ ಈ ಮಾತು ಕೇಳ್ತೀನಿ ಅಂತ ಅಂದ್ಕೊಂಡಿರಲಿಲ್ಲ."

"ಅಲ್ಲ ಕಣೆ" ಯಜಮಾನರು ದೀನವಾಗಿ ಕೇಳಿದರು, "ಗಾಜು ಇದ್ದಾಗ ಸರಿ. ಖಾಲಿ ಇದ್ದಾಗ ಆದ್ರೂ... ಆ ವೈರನ್ನ ಒಂದ್ಸಲ ಅಲುಗಾಡಿಸಿ ನೋಡ್ಲಾ?"

"ಬೇಡವೇ ಬೇಡ! ಅಪ್ಪಿತಪ್ಪಿ ಸರಿಹೋಗಿಬಿಟ್ರೆ ಗತಿ ಏನು? ಇಡೀ ಆಸ್ಪತ್ರೆ ಮುಗಿಯೋವರೆಗೂ ಹೀಗೇ ಇರಲಿ."

"ಮುಗಿಯೋಕೆ ಎರಡು ವರ್ಷ ಅಂದ್ರಲ್ಲೇ ಆಯಮ್ಮ!"

"ಎರಡು ವರ್ಷ ತಾಳ್ಮೆಯಿಂದ ಓಡಿಸಿ. ಹೇಗೂ ಹೆಸರು ಬಂದಿದೆಯಲ್ಲ."

ಗಾಡಿ ಸಪಾಟಾದ ರಸ್ತೆಗೆ ಇಳಿಯಿತು. ಮನೆ ಇನ್ನೂ ಒಂದಷ್ಟು ಬೀದಿಗಳಾಚೆ ಇತ್ತು. ಹೆಂಡತಿ ಗಡಿಯಾರ ನೋಡಿಕೊಂಡಳು, ಹೊರಗೆ ನೋಡಿದಳು, ಬೆಲ್ಟು ಬಿಚ್ಚಿದಳು.

"ರೀ, ನನಗೆ ಹಸಿವಾಗ್ತಿದೆ. ನಾನು ನಡ್ಕೊಂಡು ಹೋಗಿ ಅನ್ನಕ್ಕೆ ಇಟ್ಟಿರ್ತೀನಿ, ನೀವು ಗಾಡೀಲಿ ಬನ್ನಿ."

ಗಾಡಿ ನಿಲ್ಲಿಸುವ ಅಗತ್ಯವೂ ಬೀಳಲಿಲ್ಲ. ಅವಳು ಬಾಗಿಲು ತೆರೆದು ಇಳಿದು, ಬಾಗಿಲು ಹಾಕಿ, ಸೆರಗು ಸರಿಮಾಡಿಕೊಂಡು ನಡೆಯತೊಡಗಿದಳು. ಯಜಮಾನರು ಕಾಲನ್ನು ಪೂರ್ತಿ ಒತ್ತಿದರು. ಸೈಲೆನ್ಸರು ಬೀದಿ ನಡುಗುವ ಹಾಗೆ ಗರ್ಜಿಸಿತು. ಹೆಂಡತಿ ತಿರುವಿನಲ್ಲಿ ಒಂದು ಸಲ ಹಿಂತಿರುಗಿ ನೋಡಿ ಕೈಬೀಸಿದಳು, ಆಮೇಲೆ ಕಾಣಿಸಲಿಲ್ಲ.