ಜಗಳ ಮಾರುವವನ ಅಂಗಡಿ

ಹೊನ್ನಾವರದ ಪೇಟೆಯಲ್ಲಿ ವಿಡಿಯೋ ಗೇಮಿನ ಅಂಗಡಿ ಇಟ್ಟವನು ನಗೆಪಾಟಲಾಗಲು ಬೇರೆ ಪ್ರಯತ್ನ ಮಾಡಬೇಕಾಗಿಲ್ಲ. ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ಉಳಿದದ್ದನ್ನು ಗಿರಾಕಿಗಳೇ ನೋಡಿಕೊಳ್ಳುತ್ತಾರೆ.

ನನ್ನದು ರೈಲು ಡಬ್ಬಿಯಂಥ ಉದ್ದನೆಯ ಒಂದು ಕೋಣೆ. ಮುಂದೆ ಗೇಮಿನ ಡಿಸ್ಕುಗಳ ಮಾರಾಟ, ಹಿಂದೆ ಎರಡು ದೊಡ್ಡ ಟಿವಿ, ನಾಲ್ಕು ಕುರ್ಚಿ. ಗಂಟೆ ಲೆಕ್ಕದಲ್ಲಿ ಕೂತು ಆಡಬಹುದು. ಬರುವವರೆಲ್ಲ ಕೇಳುವುದು ಹೊಡೆದಾಟದ ಆಟವನ್ನೇ. ಕತ್ತಿ, ಕರಾಟೆ, ಕುಸ್ತಿ, ಬಂದೂಕು, ಎಲ್ಲ ಶೈಲಿಯೂ ನಮ್ಮಲ್ಲಿ ಉಂಟು. ಅನುಭವದಿಂದ ಹೇಳುತ್ತೇನೆ, ಮನುಷ್ಯನ ಗುಣ ತಿಳಿಯುವುದಕ್ಕೆ ಜಾತಕ ಬೇಡ. ಕೈಗೊಂದು ರಿಮೋಟು ಕೊಟ್ಟು ಎದುರಿಗೊಬ್ಬ ಶತ್ರುವನ್ನು ನಿಲ್ಲಿಸಿ, ಐದು ನಿಮಿಷದಲ್ಲಿ ಎಲ್ಲ ಹೊರಗೆ ಬರುತ್ತದೆ.

ಕೋಣೆಯ ಯಜಮಾನಿ ಮಹಡಿಯ ಮೇಲೇ ಇದ್ದಾರೆ. ನಿವೃತ್ತ ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹೀಗೇ ಕರೆಯುವುದು. ಕೆಲಸದಿಂದ ನಿವೃತ್ತಿಯಾದರೂ ಅಕ್ಕೋರತನಕ್ಕೆ ನಿವೃತ್ತಿ ಇಲ್ಲ. ಕಳೆದ ಮಳೆಗಾಲ ಶುರುವಾಗುತ್ತಿದ್ದಂತೆ ಒಂದು ಮಧ್ಯಾಹ್ನ ಅವರು ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತರು.

"ಎಂತದೋ ಇದು? ಊಟ ಮಾಡಿ ಸ್ವಲ್ಪ ಅಡ್ಡ ಆಗ್ವ ಅಂದ್ರೆ ಕೆಳಗಿಂದ ಹೊಡಿ, ಕಡಿ, ಸಾಯ್ಸು ಅಂತ ಕೂಗು! ಮೂವತ್ತು ವರ್ಷ ಮಕ್ಕಳ ಜಗಳ ಬಿಡಿಸಿದವಳು ನಾನು. ನನ್ನ ಮನೆ ಕೆಳಗೇ ಕೂತ್ಕಂಡು ನೀನು ಜಗಳ ಮಾರ್ತ್ಯಾ?"

"ಹುಡುಗ್ರದ್ದು ಬಿಸಿರಕ್ತ ಅಕ್ಕೋರೇ. ಆಡುವಾಗ ಬಾಯಿ ತಡೀತಿಲ್ಲ" ಎಂದೆ.

"ಚೌತಿ ಆದ್ಮೇಲೆ ನಿನ್ನ ಕರಾರು ಮುಗೀತದೆ. ಅಲ್ಲಿವರೆಗೆ ನೋಡ್ತೆ. ಕೂಗು ನಿಂತಿಲ್ಲ ಅಂದ್ರೆ ಕೋಣೆ ಖಾಲಿ ಮಾಡು. ಹೊಲಿಗೆ ಕ್ಲಾಸಿನವ್ರು ಕೇಳ್ತಾನೇ ಇದ್ದಾರೆ."

ಪೇಟೆಯ ನಡುವೆ ಇಂಥ ಕೋಣೆ ಮತ್ತೆ ಸಿಗುವುದಿಲ್ಲ. ಇದು ಕೈಬಿಟ್ಟರೆ ನನಗಿರುವುದು ಭಾವನ ಟೈಲ್ಸ್ ಅಂಗಡಿಯ ಕೆಲಸ. ಅಲ್ಲಿ ಇಡೀ ದಿನ ಭಾವನ ಮಾತು ಕೇಳಬೇಕು. ಅದಕ್ಕಿಂತ ಶತ್ರುಗಳೇ ವಾಸಿ. ಅವತ್ತೇ "ದಯವಿಟ್ಟು ನಿಶ್ಶಬ್ದವಾಗಿ ಹೊಡೆದಾಡಿ" ಎಂದು ಬರೆದು ಗೋಡೆಗೆ ಅಂಟಿಸಿದೆ.

೧. ಪೀಠಿಕೆ ಇಲ್ಲದ ಯುದ್ಧ

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳಿಗೆ ತಿರುಗಾಟ ಇರುವುದಿಲ್ಲ. ಆಗ ಕುಮಟೆ ಕಡೆಯ ಒಬ್ಬ ಹಿರಿಯ ವೇಷಧಾರಿ ಹೊನ್ನಾವರಕ್ಕೆ ಬಂದಾಗಲೆಲ್ಲ ನಮ್ಮ ಅಂಗಡಿಯಲ್ಲಿ ಚಾ ಕುಡಿದು ಹೋಗುತ್ತಾರೆ. ಒಂದು ದಿನ ಟಿವಿಯಲ್ಲಿ ಇಬ್ಬರು ಕತ್ತಿ ಹಿಡಿದು ನಿಂತದ್ದನ್ನು ಕಂಡು ಅವರಿಗೆ ಕೈ ತುರಿಸಿತು. ರಿಮೋಟು ಕೊಟ್ಟೆ. ಎದುರಾಳಿ ಒಬ್ಬ ಕಾಲೇಜು ಹುಡುಗ.

ಯುದ್ಧ ಶುರುವಾಯಿತು. ನಮ್ಮ ವೇಷಧಾರಿಗಳು ರಿಮೋಟನ್ನು ತೊಡೆಯ ಮೇಲಿಟ್ಟು ಎದೆ ಸೆಟೆಸಿ, "ಎಲೈ ಅಧಮನೇ, ರಣಾಂಗಣದಲ್ಲಿ ನನ್ನೆದುರು ನಿಲ್ಲುವ ಧೈರ್ಯ ಮಾಡಿದ ನೀನಾರು? ನಿನ್ನ ಕುಲವೇನು?" ಎಂದರು. ಕುಲ ಹೇಳುವಷ್ಟು ಪುರುಸೊತ್ತು ಹುಡುಗನಿಗೆ ಇರಲಿಲ್ಲ. ನಾಲ್ಕೇ ಏಟಿಗೆ ಅವರನ್ನು ಕೆಡವಿದ.

"ಎಂತ ಮಾರಾಯಾ ಇದು!" ಎಂದು ಅವರು ನನ್ನ ಕಡೆ ತಿರುಗಿದರು. "ಪೀಠಿಕೆ ಇಲ್ಲ, ಮೂದಲಿಕೆ ಇಲ್ಲ, ಬಂದವನೇ ಕಡಿಯುದಾ? ಇದು ಯುದ್ಧವೋ, ಗೂಂಡಾಗಿರಿಯೋ?"

ಹುಡುಗನಿಗೆ ನಾಚಿಕೆಯಾಯಿತು. ಎರಡನೇ ಸುತ್ತಿಗೆ ಅವನು ರಿಮೋಟು ಕೆಳಗಿಟ್ಟು ಕೈಕಟ್ಟಿ ಕೂತ. ಇವರು ವಂಶದ ಹಿರಿಮೆಯಿಂದ ಶುರು ಮಾಡಿದರು. ಮಾತೆಂದರೆ ಮಾತು! ನಾನೂ ಕೌಂಟರ್ ಬಿಟ್ಟು ಬಂದು ನಿಂತೆ. ವಂಶದ ವಿಷಯ ಅಜ್ಜನವರೆಗೆ ತಲುಪುವಷ್ಟರಲ್ಲಿ ಪರದೆಯ ಮೇಲಿನ ಗಡಿಯಾರ ಸೊನ್ನೆಗೆ ಬಂತು. ಇಬ್ಬರಿಗೂ ಒಂದು ಗೀರೂ ಬಿದ್ದಿರಲಿಲ್ಲ, ಯಂತ್ರ ಆ ಸುತ್ತನ್ನು ಸಮ ಎಂದು ಸಾರಿತು.

ಸಮಾಧಾನವಾಗಲೆಂದು ನಾನು ಅವರಿಗೆ ಆಟದೊಳಗೆ ದುಡ್ಡಿಗೆ ಮಾರುವ ವೇಷಗಳನ್ನು ತೋರಿಸಿದೆ. ಚಿನ್ನದ ಕಿರೀಟ, ಬೆಂಕಿಯ ಅಂಗಿ, ಹೊಳೆಯುವ ಎದೆಕವಚ.

"ಇದನ್ನ ಹಾಕ್ಕಂಡ್ರೆ ಬಲ ಹೆಚ್ಚಾಗ್ತದ್ಯಾ?"

"ಇಲ್ಲ. ನೋಡುಕೆ ಚಂದ, ಅಷ್ಟೇ."

"ನಮ್ಮ ಮೇಳದಲ್ಲೂ ಅಂಥವ್ರು ಇಬ್ರಿದ್ದಾರೆ" ಎಂದು ಅವರು ಕೊಡೆ ಎತ್ತಿಕೊಂಡು ಹೊರಟರು.

ಮರುದಿನ ಅಕ್ಕೋರು ಮೆಟ್ಟಿಲ ಮೇಲಿಂದಲೇ, "ನಿನ್ನೆ ಮಾತಾಡಿದ್ದು ಯಾರೋ? ಎಷ್ಟು ಶುದ್ಧ ಮಾತು! ಅಂಥವ್ರನ್ನ ಕರಿ" ಎಂದರು. ಅಂಥವರು ಆಟ ಆಡುವುದೇ ಇಲ್ಲ ಎಂಬುದನ್ನು ನಾನು ಅವರಿಗೆ ಹೇಗೆ ಹೇಳಲಿ?

೨. ಬುಟ್ಟಿಯ ತಳದ ಮೀನು

ಹೊಳೆಯಾಚೆಯ ಕಾಸರಕೋಡದ ಒಬ್ಬ ಮೀನು ಮಾರುವ ಹೆಂಗಸು ಡಿಗ್ರಿ ಪಾಸಾದ ಮಗನಿಗೆ ಉಡುಗೊರೆ ಕೊಡಲೆಂದು ಬಂದರು. ಮಗ ಹೇಳಿಕಳಿಸಿದ್ದು ಹಡಗಿನ ಮೇಲೆ ಕತ್ತಿ ಯುದ್ಧ ಮಾಡುವ ಒಂದು ಆಟ. ನಾನು ಕುರ್ಚಿ ಹಾಕಿ ಕೂರಿಸಿ ಅದರ ಟ್ರೈಲರ್ ಹಾಕಿದೆ. ಎರಡು ನಿಮಿಷದಲ್ಲಿ ಮೂರು ಹಡಗು ಮುಳುಗಿದವು, ಒಂದು ಕೋಟೆ ಉರಿಯಿತು, ನಾಯಕ ಹಗ್ಗ ಹಿಡಿದು ಹಾರಿ ಹನ್ನೆರಡು ಜನರನ್ನು ಕಡಿದ.

"ಹೆಂಗಿದ್ದು ಅಕ್ಕಾ?" ಎಂದೆ ಹೆಮ್ಮೆಯಿಂದ, ಎಲ್ಲ ನಾನೇ ಕಡಿದ ಹಾಗೆ.

"ಇದು ಬುಟ್ಟಿ ಮೇಲಿನ ಮೀನು. ತಳದ್ದು ತೋರ್ಸು."

"ಅಂದ್ರೆ?"

"ಮೇಲೆ ತಾಜಾ ಬಂಗಡೆ ಇಡುದು, ಅಡಿಗೆ ನಿನ್ನಿದು ಇಡುದು. ನಾನು ಇಪ್ಪತ್ತು ವರ್ಷದಿಂದ ಬುಟ್ಟಿ ಹೊತ್ತವ್ಳು. ಕಿವಿರು ಎತ್ತಿ ನೋಡ್ದೆ ಎಂತದೂ ತಕಂಬುದಿಲ್ಲ ನಾನು. ಆಟ ಹಾಕು."

ಹಾಕಿದೆ. ಅವರು ಎಲೆಯಡಿಕೆ ಬಾಯಿಗಿಟ್ಟು ಭದ್ರವಾಗಿ ಕೂತರು. ನಿಜವಾದ ಆಟದಲ್ಲಿ ನಾಯಕ ಮೊದಲು ಮೂಟೆ ಹೊತ್ತ. ಆಮೇಲೆ ಬೇಲಿ ಹಾರುವುದನ್ನು ಕಲಿತ. ಮತ್ತೆ ಒಬ್ಬ ಅಜ್ಜಿಗೆ ಸೊಪ್ಪು ಕಿತ್ತು ತಂದುಕೊಟ್ಟ. ಒಂದು ಗಂಟೆ ಕಳೆಯಿತು.

"ಹಡಗು ಎಲ್ಲಿ?"

"ಬರ್ತದೆ ಅಕ್ಕಾ."

ಎರಡನೇ ಗಂಟೆಗೆ ನಾಯಕ ಬಂದರಿನ ತನಕ ಬಂದ. ಹಡಗೂ ಕಾಣಿಸಿತು. ಹತ್ತಲು ಹೋದರೆ ಪರದೆಯ ಮೇಲೆ ಒಂದು ಚೀಟಿ ಬಂತು: ಹಡಗನ್ನು ಬೇರೆಯಾಗಿ ಖರೀದಿಸಬೇಕು.

ಅವರು ಅದನ್ನು ನನ್ನಿಂದಲೇ ಎರಡು ಸಲ ಓದಿಸಿದರು. ಆಮೇಲೆ ನಿಧಾನ ಎದ್ದು, "ಕಾಸರಕೋಡದಲ್ಲಿ ನೀನು ಹೀಂಗೆ ಮಾರಿದ್ರೆ ಮೀನಿನ ಬದ್ಲು ನಿನ್ನನ್ನೇ ಒಣಗ್ಸುಕೆ ಹಾಕ್ತಿದ್ರು" ಎಂದರು. ಮಗನಿಗೆ ಒಂದು ಜೊತೆ ಒಳ್ಳೆಯ ಚಪ್ಪಲಿ ಕೊಂಡರಂತೆ.

೩. ರಾಕ್ಷಸನ ರೇಟು

ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಒಬ್ಬ ಸಾಹುಕಾರರು ನನ್ನ ಹಳೆಯ ಗಿರಾಕಿ. ಮನೆಯಲ್ಲಿ ದೊಡ್ಡ ಟಿವಿ, ಆಟದ ಯಂತ್ರ ಎಲ್ಲ ಉಂಟು. ಅವರಿಗೆ ನಾನು ಒಂದು ಆಟ ಮಾರಿದೆ. "ಐವತ್ತು ಬಗೆಯ ಕತ್ತಿ, ಇಪ್ಪತ್ತು ಬಗೆಯ ಹೊಡೆದಾಟ" ಎಂದು ಡಬ್ಬಿಯ ಮೇಲಿದ್ದುದನ್ನು ಜೋರಾಗಿ ಓದಿ ಹೇಳಿದ್ದೆ.

ಹದಿನೈದು ದಿನ ಬಿಟ್ಟು ಬಂದರು. ಮುಖದಲ್ಲಿ ಬಹಳ ಸಂತೋಷ.

"ಭಾಯಿ, ಒಳ್ಳೆ ಆಟ ಕೊಟ್ರಿ. ಬಿಸಿನೆಸ್ ಚೆನ್ನಾಗಿ ನಡೀತಾ ಉಂಟು."

"ಯಾವ ಬಿಸಿನೆಸ್?"

"ಆ ಆಟದ ಊರಲ್ಲಿ ಒಂದು ಸಂತೆ ಇದೆ ನೋಡಿ. ಕತ್ತಿ ಸಿಕ್ಕಿದ್ದೆಲ್ಲ ಅಲ್ಲಿ ಮಾರಿಬಿಟ್ಟೆ. ಒಳ್ಳೆ ರೇಟು! ಈಗ ಎರಡು ಅಂಗಡಿ ಮಾಡಿದ್ದೇನೆ, ಒಂದು ಕುದುರೆಗಾಡಿ."

"ಕತ್ತಿ ಮಾರಿದ್ರೆ ಹೊಡೆದಾಟ ಹೇಗೆ?"

"ಹೊಡೆದಾಟ ಯಾಕೆ? ಕಳ್ಳರು ಬಂದ್ರು, ಮಾತಾಡೋ ಬಟನ್ ಒತ್ತಿದೆ, ಹೋದ್ರು. ಸೈನಿಕರು ಬಂದ್ರು, ಮಾತಾಡಿದೆ, ನನಗೇ ಕಾವಲಿಗೆ ನಿಂತ್ರು."

ಇಪ್ಪತ್ತು ಬಗೆಯ ಹೊಡೆದಾಟವನ್ನು ಮಾಡಿಟ್ಟವರು ಇದನ್ನು ಕೇಳಿದ್ದರೆ ಅತ್ತುಬಿಡುತ್ತಿದ್ದರು. ನನಗೆ ಮಾತ್ರ ಹೊಟ್ಟೆಕಿಚ್ಚಾಯಿತು. ಆಟದ ಒಳಗೆ ಅವರಿಗೆ ಎರಡು ಅಂಗಡಿ, ಹೊರಗೆ ನನಗೆ ಇದ್ದೊಂದೂ ಅಲುಗಾಡುತ್ತಿದೆ.

"ಮತ್ತೆ ಬಂದ ಕೆಲಸ?" ಎಂದೆ.

ಅವರು ಮುಂದಕ್ಕೆ ಬಾಗಿ ದನಿ ತಗ್ಗಿಸಿದರು. "ಕೊನೆಗೆ ಗುಹೆಯಲ್ಲಿ ಒಬ್ಬ ರಾಕ್ಷಸ ಬರ್ತಾನಲ್ಲ. ಒಂಬತ್ತು ಸಲ ಹೋದೆ, ಒಂಬತ್ತು ಸಲವೂ ಮಾತಿಗೆ ಮೊದಲೇ ನುಂಗಿದ. ಅವನಿಗೆ ಏನು ಬೇಕಂತೆ ಅಂತ ಕೇಳೋ ಬಟನ್ ಯಾವುದು ಭಾಯಿ?"

೪. ಅಕ್ಕೋರ ಶೈಲಿ

ಚೌತಿ ಮುಗಿಯಿತು. ಮೂರನೇ ದಿನ ಮಧ್ಯಾಹ್ನ ಅಕ್ಕೋರು ಕರಾರಿನ ಕಾಗದ, ಪೆನ್ನು ಹಿಡಿದು ಇಳಿದು ಬಂದರು. ಅಂಗಡಿಯಲ್ಲಿ ನಾಲ್ವರು ಕಾಲೇಜು ಹುಡುಗರಿದ್ದರು. ಅಕ್ಕೋರನ್ನು ಕಂಡದ್ದೇ ನಾಲ್ವರೂ ಎದ್ದು ನಿಂತರು.

"ಕೂತ್ಕಳಿ" ಎಂದರು ಅವರಿಗೆ. ನನಗೆ ಹೇಳಿದರು: "ಉತ್ತರಪತ್ರಿಕೆ ಓದ್ದೆ ಮಾರ್ಕು ಹಾಕಿದವಳಲ್ಲ ನಾನು. ಈ ಜಗಳ ಎಂತದು ಅಂತ ಒಂದ್ಸಲ ಆಡಿ ನೋಡ್ತೆ. ಆಮೇಲೆ ಬರೀತೆ."

ಇದ್ದುದರಲ್ಲೇ ಸಭ್ಯವಾದ ಆಟ ಹುಡುಕಿದೆ. ಕರಾಟೆ. ಹೊಡೆಯುವ ಮೊದಲು ಇಬ್ಬರೂ ಬಾಗಿ ನಮಸ್ಕಾರ ಮಾಡುತ್ತಾರೆ. ಒದೆಯುವ ಬಟನ್, ಗುದ್ದುವ ಬಟನ್, ಏಟು ತಡೆಯುವ ಬಟನ್ ಮೂರನ್ನೂ ತೋರಿಸಿ ಎದುರಾಳಿಯಾಗಿ ನಾನೇ ಕೂತೆ.

ನಮ್ಮ ದಂಧೆಯಲ್ಲಿ ಒಂದು ಗುಟ್ಟುಂಟು. ಯಾವ ಆಟವೂ ಮೊದಲ ಸುತ್ತಿನಲ್ಲಿ ಆಡುವವನನ್ನು ಸೋಲಿಸುವುದಿಲ್ಲ. ಮೊದಲ ಶತ್ರು ಊದಿದರೆ ಬೀಳುವವನು. ಗೆದ್ದ ರುಚಿ ಹತ್ತಿತೆಂದರೆ ಮನುಷ್ಯ ಡಿಸ್ಕು ಕೊಂಡೇ ಹೋಗುತ್ತಾನೆ. ನಾನು ಆ ಮೊದಲ ಶತ್ರುವಾದೆ. ಅಕ್ಕೋರು ಒಂದು ಬಟನ್ ಮುಟ್ಟಿದರೋ ಇಲ್ಲವೋ, ಅಂಗಾತ ಬಿದ್ದೆ.

"ಅಬ್ಬಾ ಅಕ್ಕೋರೇ, ಎಂಥ ಕೈಚಳಕ!"

ಅವರು ಕನ್ನಡಕದ ಮೇಲಿಂದ ನೋಡಿದರು. "ಉತ್ತರ ಗೊತ್ತಿದ್ದೂ ತಪ್ಪು ಬರೆಯೋ ಮಕ್ಕಳನ್ನ ನಾನು ಎಷ್ಟು ನೋಡಿಲ್ಲ? ನೆಟ್ಟಗೆ ಆಡು."

ಸರಿ, ನೆಟ್ಟಗೇ ಆಡಿದೆ. ಸುತ್ತು ಶುರುವಾದದ್ದೇ ಅಕ್ಕೋರು ಒಂದು ಸಣ್ಣ ಒದೆ ಕೊಟ್ಟರು. ಆಮೇಲೆ ತಡೆಯುವ ಬಟನ್ ಮೇಲೆ ಹೆಬ್ಬೆರಳು ಇಟ್ಟವರು ತೆಗೆಯಲೇ ಇಲ್ಲ. ನಾನು ಎಡದಿಂದ ಗುದ್ದಿದೆ, ಬಲದಿಂದ ಒದ್ದೆ, ಹಾರಿ ಒದ್ದೆ. ಒಂದೂ ತಾಗಲಿಲ್ಲ. ಗಡಿಯಾರ ಸೊನ್ನೆಗೆ ಬಂತು. ಒಂದು ಒದೆಯ ಲೆಕ್ಕದಲ್ಲಿ ಅಕ್ಕೋರು ಗೆದ್ದರು.

"ಅಕ್ಕೋರೇ, ಬರೇ ತಡೆಯುದಲ್ಲ, ಹೊಡೀಬೇಕು."

"ಒಂದು ಹೊಡ್ದೆ ಅಲ್ದಾ? ಮತ್ತೆ ಗಂಟೆ ಹೊಡಿಯೋವರೆಗೆ ಕಾದ್ರಾತು. ತರಗತಿ ನಡೆಸುದೂ ಹೀಂಗೇ."

ಇನ್ನೊಂದು ಸುತ್ತು. ಅದೇ ಸಣ್ಣ ಒದೆ, ಅದೇ ತಡೆ. ಮತ್ತೊಂದು. ನಾಲ್ಕನೆಯದರಲ್ಲಿ ಕುರ್ಚಿಯ ತುದಿಗೆ ಬಂದೆ. ಐದನೆಯದರಲ್ಲಿ ಕುರ್ಚಿಯಿಂದ ಎದ್ದು ನಿಂತೆ. ಹತ್ತು ವರ್ಷದಿಂದ ಈ ಆಟಗಳನ್ನು ಮಾರಿದವನು, ಜಿಲ್ಲೆಯಲ್ಲಿ ನನ್ನ ಹಾರುವ ಒದೆಗೆ ಹೆಸರಿದೆ! ಆರನೇ ಸುತ್ತಿನಲ್ಲಿ ಏನಾಯಿತೋ ನನಗೇ ಗೊತ್ತಿಲ್ಲ. ಕರಾರು ಮರೆತೆ, ಕಾಗದ ಮರೆತೆ, ಪಕ್ಕದಲ್ಲಿ ಯಾರಿದ್ದಾರೆ ಎಂಬುದನ್ನೂ ಮರೆತೆ.

"ಎದುರಿಗೆ ಬಾ! ತಾಕತ್ತಿದ್ರೆ ಹೊಡಿ! ಸಾಯೇ ಮುದುಕೀ, ಸಾಯಿ!"

ಗಡಿಯಾರ ನಿಂತಿತು. ಅಕ್ಕೋರು ಗೆದ್ದಿದ್ದರು. ನಾಲ್ವರು ಹುಡುಗರೂ ನೆಲ ನೋಡುತ್ತಿದ್ದರು. ನನಗೆ ಭಾವನ ಟೈಲ್ಸ್ ಅಂಗಡಿ ಕಣ್ಣಮುಂದೆ ಬಂತು.

ಅಕ್ಕೋರು ರಿಮೋಟನ್ನು ಮೆತ್ತಗೆ ಕೆಳಗಿಟ್ಟರು.

"ಇದೇ ಕೂಗು" ಎಂದರು.

"ಯಾ... ಯಾವುದು ಅಕ್ಕೋರೇ?"

"ಜೂನ್ ತಿಂಗಳಿಂದ ನನ್ನ ನಿದ್ದೆ ಕೆಡ್ಸಿದ್ದು. ಈ ಮಕ್ಕಳ ದನಿ ಅಲ್ಲ ಅಂತ ನಂಗೆ ಆವತ್ತೇ ಅನುಮಾನ ಇತ್ತು." ಹುಡುಗರ ಕಡೆ ತಿರುಗಿದರು. "ಯಾರೋ ಕೂಗುದು? ಗೊತ್ತಿದ್ದವ್ರು ಕೈ ಎತ್ತಿ."

ನಾಲ್ಕು ಕೈ ಒಟ್ಟಿಗೇ ಮೇಲೇರಿದವು. ಒಬ್ಬನಂತೂ ಎದ್ದು ನಿಂತು, "ನಾವು ಸುಮ್ನೇ ಆಡ್ತಿರ್ತೇವೆ ಅಕ್ಕೋರೇ. ಇವ್ರೇ ಹಿಂದೆ ನಿಂತ್ಕಂಡು ಹೊಡಿ, ಕಡಿ ಅಂತ ಕಿರಚುದು. ಇವ್ರ ಕಾಟಕ್ಕೆ ನಾವೇ ಕುಮಟೆಗೆ ಹೋಗಿ ಆಡ್ವ ಅಂತ ಮಾಡಿದ್ವು" ಎಂದ.

ಅಷ್ಟು ದಿನ ನಾನು ಅದನ್ನು ಉತ್ತೇಜನ ಎಂದುಕೊಂಡಿದ್ದೆ.

ಅಕ್ಕೋರು ಕೌಂಟರಿನ ಮೇಲೆ ಕಾಗದ ಹರಡಿ ಗುಂಡಗಿನ ಅಕ್ಷರದಲ್ಲಿ ಬರೆಯತೊಡಗಿದರು. ಬರೆದು ಮುಗಿಸಿ ನನ್ನ ಮುಂದಿಟ್ಟರು. ಕರಾರು ಮೂರು ವರ್ಷ ಮುಂದಕ್ಕೆ ಹೋಗಿತ್ತು. ಕೆಳಗೆ ಹೊಸದೊಂದು ಷರತ್ತು: "ಗಿರಾಕಿಗಳು ಯಾವ ಆಟವನ್ನಾದರೂ ಆಡಬಹುದು. ಬಾಡಿಗೆದಾರರು ಯಾವುದನ್ನೂ ಆಡತಕ್ಕದ್ದಲ್ಲ, ಇತರರು ಆಡುವಾಗ ಹಿಂದೆ ನಿಲ್ಲತಕ್ಕದ್ದಲ್ಲ."

ಸಾಕ್ಷಿಗೆ ಇಬ್ಬರ ಸಹಿ ಸಾಕಿತ್ತು. ನಾಲ್ವರೂ ನೂಕಾಡಿಕೊಂಡು ಹಾಕಿದರು. ಚಾ ಕುಡಿಯಲು ಹೊರಗೆ ಹೋಗಿದ್ದ ಐದನೆಯವನು ಸುದ್ದಿ ಕೇಳಿ ಓಡಿ ಬಂದು, ಜಾಗ ಸಾಲದೆ ಕಾಗದದ ಹಿಂದೆ ಹಾಕಿದ.