ಕಾಲುವೆ ದಂಡೆಯ ಕರೆಂಟ್ ಸ್ಕೂಟರಿನ ದಿವ್ಯ ಸನ್ನಿಧಿಗೆ

ಇವರಿಂದ: ಸಾವಂತ್ರಮ್ಮ, ಕನ್ನಡ ಶಿಕ್ಷಕಿ, ಸಿರುಗುಪ್ಪ.

ಇವರಿಗೆ: ಶ್ರೀಮತ್ ಬಿಳಿ ಕರೆಂಟ್ ಸ್ಕೂಟರ್ ಅವರು, ತಿಪ್ಪೇರುದ್ರಪ್ಪನವರ ಮನೆಯ ಅಂಗಳ, ಸಿರುಗುಪ್ಪ.

ವಿಷಯ: ತಾವು ಸದ್ದಿಲ್ಲದೆ ಬರುವುದರ ಬಗ್ಗೆ ಮೆಚ್ಚುಗೆ, ತಾವು ಬರುವುದರ ಬಗ್ಗೆ ಆಕ್ಷೇಪಣೆ.

ಮಾನ್ಯ ಸ್ಕೂಟರ್ ಅವರೇ,

ತಮ್ಮ ಎರಡೂ ಚಕ್ರಗಳಿಗೆ, ಹಣೆಯ ಮೇಲೆ ಹೊಳೆಯುವ ದೀಪಕ್ಕೆ, ದೃಷ್ಟಿ ತಾಗದಿರಲೆಂದು ಕೊರಳಿಗೆ ಕಟ್ಟಿರುವ ನಿಂಬೆಹಣ್ಣು ಮೆಣಸಿನಕಾಯಿಗೆ ನನ್ನ ಬೇರೆ ಬೇರೆ ನಮಸ್ಕಾರಗಳು. ನಾನು ಏಳನೆಯ ತರಗತಿಯ ಮಕ್ಕಳಿಗೆ ಪತ್ರಲೇಖನ ಕಲಿಸುವವಳು. ಯಾರಿಗೆ ಬರೆಯುತ್ತೇವೋ ಅವರ ಸ್ಥಾನಮಾನ ನೋಡಿ ಸಂಬೋಧನೆ ಹಾಕಬೇಕೆಂದು ಅವರಿಗೆ ಪ್ರತಿವರ್ಷವೂ ಹೇಳುತ್ತೇನೆ. ನ್ಯಾಯವಾಗಿ ನೋಡಿದರೆ ಈ ಪತ್ರ ತಮ್ಮ ಮೇಲೆ ಕುಳಿತು ಬರುವ ತಿಪ್ಪೇರುದ್ರಪ್ಪನವರಿಗೆ ಹೋಗಬೇಕಿತ್ತು. ಆದರೆ ಇಬ್ಬರ ಪೈಕಿ ತಲೆಯಲ್ಲಿ ಬೆಳಕಿರುವವರು ತಾವು, ಬ್ರೇಕು ಹಿಡಿದರೆ ನಿಲ್ಲಬೇಕೆಂಬ ತಿಳಿವಳಿಕೆ ಇರುವವರೂ ತಾವೇ ಆದ್ದರಿಂದ ಬಹಳ ಯೋಚನೆ ಮಾಡಿ ತಮಗೇ ಬರೆಯುತ್ತಿದ್ದೇನೆ.

ತಾವು ಊರಿಗೆ ಹೊಸಬರು, ಹಾಗಾಗಿ ಸ್ವಲ್ಪ ಹಿಂದಿನ ಸಂಗತಿ ಅರಿಕೆ ಮಾಡಿಕೊಳ್ಳಬೇಕು. ರೈಸ್ ಮಿಲ್ಲುಗಳ ಹಿಂದೆ, ಗದ್ದೆಗಳ ಮಗ್ಗುಲಿಗೆ ಹೋಗುವ ಕಾಲುವೆಯ ದಂಡೆ ಮೊದಲು ಬರೀ ಜಾಲಿ ಮುಳ್ಳು, ಹಂದಿ, ಕೆಸರು. ಅದನ್ನು ಹಸನು ಮಾಡಿ, ಕಲ್ಲು ಹಾಸಿ, ನಡೆಯುವವರಿಗೂ ಸೈಕಲ್ಲಿನವರಿಗೂ ಒಂದು ದಾರಿ ಅಂತ ಮಾಡಿದರು. ದಾರಿಯ ಬಾಯಿಗೊಂದು ಸರಪಳಿ ಕಟ್ಟಿ, ಅದನ್ನು ಎತ್ತಿ ಇಳಿಸಲು ಪಕ್ಕೀರಪ್ಪನನ್ನು ಇಟ್ಟು, ‘ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ’ ಎಂಬ ಹಳದಿ ಬೋರ್ಡು ನೆಟ್ಟರು. ದಾರಿಯನ್ನು ಕಾಯಲು ಒಂದು ಹಿತರಕ್ಷಣಾ ಸಮಿತಿಯಾಯಿತು, ತಮ್ಮ ಯಜಮಾನರು ಅದರ ಅಧ್ಯಕ್ಷರಾದರು, ರಿಬ್ಬನ್ ಕತ್ತರಿಸಿದರು, ಆರೋಗ್ಯವೇ ಭಾಗ್ಯವೆಂದು ಮೈಕಿನಲ್ಲಿ ಊಟದ ಹೊತ್ತು ದಾಟುವವರೆಗೆ ಹೇಳಿದರು. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿಯೇ ಇತ್ತು.

ಆ ದಾರಿಯಿಂದ ಊರಿನಲ್ಲಿ ಯಾರಿಗೆ ಎಷ್ಟು ಲಾಭವಾಯಿತೋ ನಾನರಿಯೆ. ನಮ್ಮ ಮನೆಗಂತೂ ಹೋದ ಜೀವ ಬಂದಂತಾಯಿತು. ನಮ್ಮ ಮನೆಯವರು, ಹೆಸರು ವಿರೂಪಾಕ್ಷಿ, ಬಳ್ಳಾರಿ ಸಿರುಗುಪ್ಪ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು; ಸಿರಿಗೇರಿ ಕ್ರಾಸಿನಲ್ಲಿ ಹತ್ತಿದವರ ಮನೆಯ ಸುದ್ದಿಯನ್ನು ಬಳ್ಳಾರಿಯಲ್ಲಿ ಇಳಿಯುವವರಿಗೆ ಮುಟ್ಟಿಸಿ, ಅಲ್ಲಿಯದನ್ನು ಇಲ್ಲಿಗೆ ತರುತ್ತಿದ್ದವರು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳನ್ನು ತೆಗೆದುಕೊಂಡಿತು. ಓಡುವ ಬಸ್ಸಿನಲ್ಲಿ ಆಯುಷ್ಯವನ್ನೆಲ್ಲ ನಿಂತೇ ಕಳೆದ ಮನುಷ್ಯ ಪಡಸಾಲೆಯ ಕುರ್ಚಿಯಲ್ಲಿ ಕುಳಿತರು. ಊರೊಳಗೆ ಒಬ್ಬರೇ ಹೋಗುವಂತಿಲ್ಲ: ಭತ್ತದ ಲಾರಿ, ಬಾಯಿ ತೆರೆದ ಚರಂಡಿ, ಅಂಗಡಿಯವರು ಬೀದಿಗೆ ಹರವಿದ ಸಾಮಾನು. ಸಂಡಾಸಿನವರೆಗೆ ಬಿಟ್ಟರೆ ಎಲ್ಲಿಗೇ ಹೋದರೂ ಯಾರದಾದರೂ ಕೈ ಬೇಕು, ಆ ಯಾರಾದರೂ ಎಂದರೆ ನಾನು.

ಕಾಲುವೆ ದಾರಿ ಆದ ಮೇಲೆ ಅವರು ಅಲ್ಲಿ ಒಬ್ಬರೇ ನಡೆಯತೊಡಗಿದರು. ನಾನು ಸರಪಳಿಯವರೆಗೆ ಬಿಟ್ಟು ಬರುತ್ತಿದ್ದೆ, ಅಲ್ಲಿಂದ ಮುಂದೆ ಅವರು, ಅವರ ಕೋಲು, ಅವರ ಕಿವಿ. ಅಂಚಿನ ಕಲ್ಲಿಗೆ ಕೋಲು ತಾಗಿಸುತ್ತಾ ಹೋಗುವುದು, ಸೈಕಲ್ಲಿನವರು ಬೆಲ್ಲು ಹೊಡೆದು “ಸರ್ರ, ಹಂಗs ಎಡಕ್ಕ ಇರ್ರಿ” ಎಂದರೆ ಎಡಕ್ಕೇ ಇರುವುದು, ಕಾಲೇಜಿಗೆ ಹೊರಟ ಹುಡುಗಿಯರನ್ನು ದನಿಯಿಂದಲೇ ಗುರುತಿಸಿ ಅಪ್ಪನ ಮಂಡಿನೋವು ಹೇಗಿದೆಯೆಂದು ಕೇಳುವುದು. ಯಾರ ಗದ್ದೆಯಲ್ಲಿ ನಾಟಿ ಶುರುವಾಯಿತು, ಯಾರ ಮನೆಯಲ್ಲಿ ಹೆಣ್ಣು ನೋಡಲು ಬರುವವರಿದ್ದಾರೆ ಎಂಬುದೆಲ್ಲ ಮತ್ತೆ ನಮ್ಮ ಮನೆಗೆ ಬರತೊಡಗಿತು. ಆ ಹೊತ್ತಿನಲ್ಲಿ ನಾನು ಬಿಸಿ ಚಹಾವನ್ನು ಬಿಸಿಯಿರುವಾಗಲೇ ಕುಡಿಯುತ್ತಿದ್ದೆ. ಇಬ್ಬರಿಗೂ ಒಬ್ಬರಿಂದೊಬ್ಬರಿಗೆ ಸ್ವಲ್ಪ ಬಿಡುವು ಸಿಗುವುದು ಎಂಥ ಸುಖವೆಂಬುದು ತಮಗೆ ತಿಳಿಯಲಿಕ್ಕಿಲ್ಲ. ಬೇಕಾದರೆ ತಮ್ಮ ಚಾರ್ಜರನ್ನು ಕೇಳಿ ನೋಡಬಹುದು.

ಹೀಗಿರುವಾಗ ಡಾಕ್ಟರು ತಿಪ್ಪೇರುದ್ರಪ್ಪನವರಿಗೆ ದಿನಾ ವಾಕಿಂಗ್ ಮಾಡಬೇಕೆಂದು ಕಟ್ಟಪ್ಪಣೆ ಮಾಡಿದರು. ಡಾಕ್ಟರ ಮಾತನ್ನು ಶಿರಸಾವಹಿಸಿ ಪಾಲಿಸುವ ಗುಣ ತಮ್ಮ ಯಜಮಾನರದು, ಹಾಗಾಗಿ ವಾಕಿಂಗಿಗೆ ಹೋಗಲು ತಮ್ಮನ್ನು ಖರೀದಿ ಮಾಡಿದರು. ಬೆಳಿಗ್ಗೆ ತಮ್ಮ ಮೇಲೆ ಆರೂಢರಾಗಿ ದಾರಿಯ ಆ ತುದಿಯ ಬೇವಿನ ಮರದವರೆಗೆ ಹೋಗಿ, ಇಳಿದು, ಕೈಯನ್ನು ಎರಡು ಸಲ ಮೇಲೆತ್ತಿ ಆಕಳಿಸಿ, ಬೆಂಚಿನ ಮೇಲೆ ಕುಳಿತು ದಣಿವಾರಿಸಿಕೊಂಡು, ಮತ್ತೆ ತಮ್ಮ ಮೇಲೆಯೇ ವಾಪಸಾಗಿ, ಎದುರಿಗೆ ಸಿಕ್ಕವರಿಗೆಲ್ಲ “ವಾಕಿಂಗ್ ಮುಗೀತ್ರಿ” ಎನ್ನುತ್ತಾರೆ. ಮುಗಿಯುತ್ತದೆ, ನಿಜ. ಇಷ್ಟು ಬೇಗ ಮುಗಿಯುವ ವಾಕಿಂಗನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲ ದಿನ ಪಕ್ಕೀರಪ್ಪ ಸರಪಳಿ ಇಳಿಸಲಿಲ್ಲ. ಪೆಟ್ರೋಲ್ ಗಾಡಿಯ ಎಷ್ಟೋ ಮೀಸೆಗಳನ್ನು ಹಿಂದಕ್ಕೆ ಕಳಿಸಿದ ಮನುಷ್ಯ ಆತ. ಆಗ ಅಧ್ಯಕ್ಷರು ತಮ್ಮ ಸೀಟಿನ ಮೇಲೆ ಕುಳಿತುಕೊಂಡೇ ಕೊಟ್ಟ ವ್ಯಾಖ್ಯಾನವನ್ನು ಅಲ್ಲಿದ್ದವರೆಲ್ಲ ಕೇಳಿದ್ದಾರೆ, ನನಗಂತೂ ಬಾಯಿಪಾಠವಾಗಿದೆ: “ಲೇ ಪಕ್ಕೀರಪ್ಪ, ಬೋರ್ಡಿನ ಮ್ಯಾಲೆ ಏನೈತಿ? ಮೋಟಾರು ಅಂತೈತಿ. ಮೋಟಾರು ಅಂದ್ರ ಹೊಲದಾಗ ನೀರೆತ್ತೋದು. ಇದಕ್ಕ ಹೊಗಿ ಐತೇನು? ಸಪ್ಪಳ ಐತೇನು? ಚಾರ್ಜಿಗೆ ಹಾಕೀನಿ, ತಂದೀನಿ. ನಿನ್ನ ಕಿಸೆದಾಗ ಇರೋ ಮೊಬೈಲೂ ಚಾರ್ಜಿಂದs ಅಲ್ಲೇನು? ಅದನ್ನ ಹೊರಗ ಇಟ್ಟು ಒಳಗ ಹೋಗ್ತೀಯೇನು?” ಪಕ್ಕೀರಪ್ಪ ತನಗರಿವಿಲ್ಲದೆ ಕಿಸೆ ಮುಟ್ಟಿಕೊಂಡ. ಕಿಸೆ ಮುಟ್ಟಿಕೊಂಡವನು ಸೋತ. ಸರಪಳಿ ಇಳಿಯಿತು, ತಾವು ಮೊಬೈಲಾಗಿ ಒಳಗೆ ಬಂದಿರಿ. ಆ ವಾರವೇ ಸಮಿತಿ ಸಭೆ ಸೇರಿ, ಚಾರ್ಜಿನ ವಾಹನಗಳು ಮೋಟಾರು ವಾಹನಗಳಲ್ಲವೆಂದು ಮಿರ್ಚಿ, ಮಂಡಕ್ಕಿ ಒಗ್ಗರಣೆ ತಿಂದು ಒಮ್ಮತದಿಂದ ತೀರ್ಮಾನಿಸಿತು.

ತಮ್ಮ ಬೆನ್ನಿಗೆ ತಮ್ಮ ಬಂಧುಬಳಗವೂ ಬಂದಿತು. ಅವರ ಹಿಂದೆ ಪೆಟ್ರೋಲಿನವರೂ ಬಂದರು. ಸರಪಳಿಯ ಹತ್ತಿರ ಇಂಜಿನ್ ಆಫ್ ಮಾಡಿ, ಗಾಡಿ ತಳ್ಳಿಕೊಂಡು ಒಳಗೆ ಬಂದು, “ಸ್ವಿಚ್ ಆಫ್ ಐತಲ್ಲಪಾ” ಎಂದು ಪಕ್ಕೀರಪ್ಪನಿಗೆ ಹೇಳಿ, ತಿರುವು ದಾಟಿದೊಡನೆ ಆನ್ ಮಾಡುತ್ತಾರೆ. ಅವರದೇನೂ ನಮಗೆ ಅಷ್ಟು ಕಷ್ಟವಿಲ್ಲ, ಯಾಕೆಂದರೆ ಅವರು ಬರುವುದು ಮಿಲ್ಲಿನವರೆಗೆ ಕೇಳುತ್ತದೆ, ನಮ್ಮವರು ಬೈಯುತ್ತಾ ಬದಿಗೆ ನಿಲ್ಲುತ್ತಾರೆ. ಕಷ್ಟವಿರುವುದು ತಮ್ಮ ಸೌಜನ್ಯದಿಂದ. ತಾವು ಬೆಕ್ಕಿಗಿಂತ ಮೆಲ್ಲಗೆ ಬರುತ್ತೀರಿ. ಪರಿಸರಕ್ಕೆ ಅದರಿಂದ ಒಳ್ಳೆಯದಂತೆ. ನಾನೂ ಪಾಠ ಮಾಡಿದ್ದೇನೆ, ಮಕ್ಕಳಿಂದ ಪ್ರಬಂಧ ಬರೆಸಿದ್ದೇನೆ.

ಹೋದ ತಿಂಗಳು ತಾವು ಹಾಗೆಯೇ ಮೆಲ್ಲಗೆ ಹಿಂದಿನಿಂದ ಬಂದಿರಿ. ಎದುರಿನಿಂದ ಸೈಕಲ್ ಬೆಲ್ಲು ಕೇಳಿ, ಅದಕ್ಕೆ ದಾರಿ ಬಿಡಲು ನಮ್ಮವರು ಒಂದು ಹೆಜ್ಜೆ ಸರಿದರು, ಸರಿದ ಜಾಗದಲ್ಲಿ ತಾವಿದ್ದಿರಿ. ತಮ್ಮ ಹ್ಯಾಂಡಲ್ಲು ಅವರ ಮೊಣಕೈಗೆ ಬಡಿಯಿತು. ಅವರು ಕಾಲುವೆಯ ಇಳಿಜಾರಿನಲ್ಲಿ ಜಾರಿ, ನೀರಿಗೆ ಒಂದು ಮಾರು ಇರುವಾಗ ಹುಲ್ಲಿನ ಗಡ್ಡೆ ಕೈಗೆ ಸಿಕ್ಕು ನಿಂತರು. ಕೋಲು ಮಾತ್ರ ನೀರಿಗೆ ಬಿದ್ದು ಹರಿದು ಹೋಯಿತು. ಕಾಲುವೆ ತುಂಬಿ ಹರಿಯುತ್ತಿತ್ತು. ಆ ಹುಲ್ಲಿನ ಗಡ್ಡೆ ಅಲ್ಲಿಲ್ಲದಿದ್ದರೆ ಈ ಪತ್ರದ ವಿಷಯವೇ ಬೇರೆಯಾಗಿರುತ್ತಿತ್ತು.

ಆಗ ತಮ್ಮ ಯಜಮಾನರು ಇಳಿದು ಬಂದು, ಎಬ್ಬಿಸಿ, ಮೈಮೇಲಿನ ಮಣ್ಣು ಕೊಡವಿ, ಎರಡೂ ಕಣ್ಣಿಲ್ಲದ ಮನುಷ್ಯನಿಗೆ ಹೇಳಿದ ಮಾತು ಇದು: “ನೋಡ್ಕೊಂಡು ನಡೀಬೇಕಲ್ರಿ ಸರ್ರ.” ಸ್ಕೂಟರ್ ಅವರೇ, ಆ ಮಾತನ್ನು ತಾವು ಅಲ್ಲೇ ನಿಂತು ಕೇಳಿದಿರಿ. ತಮ್ಮ ಹಾರ್ನು ನಾಚಿಕೆಯಿಂದಲಾದರೂ ಒಂದು ಸಲ ಕೂಗಬಾರದಿತ್ತೇ? ಹಾರ್ನು ಯಾಕೆ ಹೊಡೆಯಲಿಲ್ಲವೆಂದು ಸೈಕಲ್ಲಿನ ಹುಡುಗಿ ಕೇಳಿದ್ದಕ್ಕೆ, “ಪಾಪ, ಬೆದರ್ತಾರಂತ ಹೊಡೀಲಿಲ್ಲ” ಎಂದರಂತೆ. ಇಷ್ಟೊಂದು ಕರುಣೆಯನ್ನು ಒಬ್ಬರೇ ಹೊತ್ತು ತಿರುಗಿದರೆ ತಮ್ಮ ಬ್ಯಾಟರಿಗೆ ಭಾರವಾಗುವುದಿಲ್ಲವೇ?

ಆಮೇಲೆ ಅವರನ್ನು ತಮ್ಮ ಹಿಂದಿನ ಸೀಟಿನಲ್ಲಿಯೇ ಕೂಡಿಸಿಕೊಂಡು ಮನೆಗೆ ತಂದು ಬಿಟ್ಟರು. ಮೊಣಕೈಯಲ್ಲಿ ರಕ್ತ, ಪಂಚೆಯ ತುಂಬಾ ಕೆಸರು. ಬಾಗಿಲಲ್ಲಿ ನಿಂತು ತಿಪ್ಪೇರುದ್ರಪ್ಪನವರು, “ನಾ ಇದ್ದೆ ಅಂತ ಚಲೋ ಆತು ನೋಡ್ರಿ ಟೀಚರ್ರ, ಇಲ್ಲಂದ್ರ ಯಾರು ಕರ್ಕೊಂಡು ಬರ್ತಿದ್ರು?” ಎಂದರು. ನನಗೆ ಇನ್ನೂ ವಿಷಯ ಗೊತ್ತಿರಲಿಲ್ಲ. ಕೈಮುಗಿದೆ, ಒಳಗೆ ಕರೆದೆ, ಏಲಕ್ಕಿ ಹಾಕಿ ಚಹಾ ಮಾಡಿ ಕೊಟ್ಟೆ. ಆ ಏಲಕ್ಕಿಯನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸಮಿತಿ ಸುಮ್ಮನಿರಲಿಲ್ಲ, ಇಂಥದ್ದು ಮತ್ತೆ ಆಗಬಾರದೆಂದು ತುರ್ತು ಸಭೆ ಕರೆಯಿತು. ಈಗ ಹಳದಿ ಬೋರ್ಡಿನ ಪಕ್ಕದಲ್ಲಿ ಇನ್ನೂ ದೊಡ್ಡ ನೀಲಿ ಬೋರ್ಡು ನಿಂತಿದೆ: ‘ಅಂಧರು ಹಾಗೂ ವಯೋವೃದ್ಧರು ಸುರಕ್ಷತೆಯ ದೃಷ್ಟಿಯಿಂದ ಜೊತೆಗಾರರಿಲ್ಲದೆ ಪ್ರವೇಶಿಸಬಾರದು.’ ಅದರಲ್ಲಿ ದೃಷ್ಟಿ ಎಂಬ ಪದವನ್ನು ಯಾರು ಹಾಕಿದರೋ ಅವರ ಕನ್ನಡ ಶಿಕ್ಷಕರನ್ನು ನೋಡಬೇಕಿದೆ. ತಮಗೆ ಇಳಿಯುವ ಸರಪಳಿ ಈಗ ನಮ್ಮವರಿಗೆ ಅಡ್ಡ ಏಳುತ್ತದೆ. ಪಕ್ಕೀರಪ್ಪ ನೆಲ ನೋಡುತ್ತಾ, “ಮ್ಯಾಲಿಂದ ಹೇಳ್ಯಾರ್ರಿ ಸರ್ರ, ನಂದೇನೂ ಇಲ್ಲ” ಎನ್ನುತ್ತಾನೆ. ಆತನ ಹೊಟ್ಟೆಪಾಡು ನನಗೆ ಗೊತ್ತು, ಆತನನ್ನು ನಾನು ಬೈಯುವುದಿಲ್ಲ.

ನಾನೇ ಜೊತೆಗೆ ಬರುತ್ತೇನೆ ನಡೆಯಿರಿ ಎಂದೆ. ಅವರು ಒಪ್ಪಲಿಲ್ಲ. “ನೀ ಕೈ ಹಿಡಕೊಂಡ್ರ ಅದು ನಾ ಹೋಗೋದಲ್ಲ, ನನ್ನ ಒಯ್ಯೋದು” ಎಂದು ಮತ್ತೆ ಕುರ್ಚಿಗೆ ಹೋದರು. ಒಂದು ತಿಂಗಳಿಂದ ಅಲ್ಲೇ ಇದ್ದಾರೆ. ಸುದ್ದಿಯಿಲ್ಲ, ಜಗಳವಿಲ್ಲ, ಉಪ್ಪಿಟ್ಟಿಗೆ ಉಪ್ಪು ಕಡಿಮೆಯೆಂಬ ಮಾತೂ ಇಲ್ಲ. ಅವರು ಸುಮ್ಮನಿರುವುದನ್ನು ನನ್ನಿಂದ ತಡೆದುಕೊಳ್ಳಲಾಗುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಾವು ಮೊಬೈಲೇ ಆಗಿದ್ದ ಪಕ್ಷದಲ್ಲಿ ದಯವಿಟ್ಟು ಮೊಬೈಲಿನ ಹಾಗೆ ನಡೆದುಕೊಳ್ಳಬೇಕು, ಅಂದರೆ ತಿಪ್ಪೇರುದ್ರಪ್ಪನವರ ಜುಬ್ಬಾದ ಕಿಸೆಯಲ್ಲಿ ಕುಳಿತು ಬರಬೇಕು. ಅವರು ನಡೆಯಲಿ, ತಾವು ಒಳಗೆ ಕುಳಿತು ಹೆಜ್ಜೆ ಎಣಿಸಬಹುದು. ಕಿಸೆಯಲ್ಲಿ ಹಿಡಿಸದಿದ್ದರೆ ಚಕ್ರಗಳಿಗೆ ಗೆಜ್ಜೆ ಕಟ್ಟಿಸಿಕೊಂಡು, ಎತ್ತಿನ ಕೊರಳ ಗಂಟೆ ಹಾಕಿಸಿಕೊಂಡು, ಮುಂದೊಬ್ಬರು ಜಾಗಟೆ ಬಾರಿಸುತ್ತಾ ನಡೆಯುವ ವ್ಯವಸ್ಥೆಯೊಂದಿಗೆ ಚಿತ್ತೈಸಬೇಕು. ಜಾಗಟೆಗೆ ಆಳು ಸಿಗದಿದ್ದರೆ ಅಧ್ಯಕ್ಷರೇ ಬಾರಿಸುತ್ತಾ ನಡೆದರೆ ಡಾಕ್ಟರ ಮಾತೂ ಉಳಿಯುತ್ತದೆ. ಇದಾವುದೂ ಆಗದೆಂದರೆ, ಬಳ್ಳಾರಿಗೆ ಹೋಗುವ ಹೆದ್ದಾರಿ ತಮ್ಮದು, ಕುರುಗೋಡಿಗೆ ಹೋಗುವ ರಸ್ತೆ ತಮ್ಮದು, ಇಡೀ ಜಿಲ್ಲೆಯ ಡಾಂಬರೆಲ್ಲ ತಮ್ಮದೇ. ಎರಡು ಸೈಕಲ್ ಅಗಲದ ಈ ಕಲ್ಲಿನ ದಾರಿಯೊಂದನ್ನು ಕಾಲಿನವರಿಗೆ ಬಿಟ್ಟುಕೊಟ್ಟರೆ ತಾವು ಬಡವರಾಗುವುದಿಲ್ಲ. ನೀಲಿ ಬೋರ್ಡು ಕೀಳಿಸಿ, ಸರಪಳಿಯನ್ನು ಯಾರನ್ನು ತಡೆಯಲು ಕಟ್ಟಿದ್ದರೋ ಅವರಿಗೇ ಅಡ್ಡ ಹಾಕಿಸಬೇಕೆಂದು ಪ್ರಾರ್ಥನೆ.

ಉತ್ತರ ಬರೆಯುವ ಶ್ರಮ ಬೇಡ. ತಾವು ಬಾರದಿರುವುದನ್ನೇ ಉತ್ತರವೆಂದು ತಿಳಿದು ಸಂತೋಷಪಡುವ,

ತಮ್ಮ ವಿಶ್ವಾಸಿ,
ಸಾವಂತ್ರಮ್ಮ

ತಾ.ಕ.: ಈ ಪತ್ರವನ್ನು ಮನೆಯವರಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿ, “ಚಂದ ಬರ್ದೀದಿ. ಆದ್ರ ಸ್ಕೂಟರಿಗೆ ಓದಾಕ ಬರಂಗಿಲ್ಲ, ಅಧ್ಯಕ್ಷರಿಗೆ ಪುರುಸೊತ್ತಿಲ್ಲ. ನನ್ನ ಚಪ್ಪಲಿ ಎಲ್ಲಿಟ್ಟೀದಿ?” ಎಂದು ಕೇಳಿದರು. ನಾಳೆ ಬೆಳಿಗ್ಗೆ ಒಬ್ಬರೇ ಬರುತ್ತಾರೆ. ಸರಪಳಿ ಅಡ್ಡ ಇದ್ದರೆ ಬಗ್ಗಿ ದಾಟುತ್ತಾರಂತೆ. ನನಗೆ ಭಯವಿದೆ, ಆದರೂ ಚಪ್ಪಲಿ ತಂದು ಬಾಗಿಲಲ್ಲಿಟ್ಟೆ. ಇಷ್ಟು ದಿನ ಅಂಚು ಹಿಡಿದು ನಡೆದದ್ದೇ ತಪ್ಪಾಯಿತು, ಇನ್ನು ಹೊಸ ಕೋಲಿನಿಂದ ಎರಡೂ ಕಡೆ ತಡವುತ್ತಾ ದಾರಿಯ ನಟ್ಟನಡುವೆ ನಡೆಯುತ್ತೇನೆ ಎಂದಿದ್ದಾರೆ. ಸರಿಯುವ ಕೆಲಸ ಇನ್ನು ಮೇಲೆ ತಮ್ಮದು. ಒಂದು ಬದಿಗೆ ಜಾಲಿ ಮುಳ್ಳಿದೆ, ಇನ್ನೊಂದು ಬದಿಗೆ ಕಾಲುವೆ ಇದೆ. ಯಾವ ಬದಿಯೆಂಬುದನ್ನು ತಮ್ಮ ಮರ್ಜಿಗೇ ಬಿಟ್ಟಿದ್ದೇವೆ.